ಬಾವುಟಗುಡ್ಡೆಯ ಭಿತ್ತಿಚಿತ್ರಗಳು

ಮಂಗಳೂರಿನ ಬಾವುಟಗುಡ್ಡೆಯ ಮೇಲೆ, ಸಂತ ಅಲೋಶಿಯಸ್ ವಿದ್ಯಾಲಯದ ಆವರಣದಲ್ಲಿ ನಿಂತಿರುವ ಪ್ರಾರ್ಥನಾಮಂದಿರವು ಹೊರಗಿನಿಂದ ನೋಡುವವರಿಗೆ ತನ್ನ ಒಡಲೊಳಗಿನ ಐಶ್ವರ್ಯದ ಸುಳಿವನ್ನೇ ಕೊಡುವುದಿಲ್ಲ. ಹೊಸ್ತಿಲನ್ನು ದಾಟಿ, ಹೊರಗಿನ ಬಿಸಿಲಿಗೆ ಒಗ್ಗಿದ ಕಣ್ಣು ಒಳಗಿನ ಮಂದಪ್ರಕಾಶಕ್ಕೆ ಹೊಂದಿಕೊಂಡಂತೆಲ್ಲ, ಅಂಗೈಯಗಲ ಜಾಗವನ್ನೂ ಬರಿದು ಬಿಡದಂತೆ ಗೋಡೆಗಳನ್ನೂ ಮೇಲ್ಮಾಡವನ್ನೂ ಆವರಿಸಿರುವ ಚಿತ್ರಗಳು ಒಂದೊಂದಾಗಿ ಮೂಡಿಬರುತ್ತವೆ: ನಡುವಿನ ಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಸಾಗನ ಜೀವಿತದ ಪ್ರಸಂಗಗಳು, ಇಳಿಜಾರಿನ ಭಾಗದಲ್ಲಿ, ತಮ್ಮನ್ನು ಬಲಿ ತೆಗೆದುಕೊಂಡ ಆಯುಧಗಳನ್ನೇ ಲಾಂಛನಗಳಂತೆ ಹಿಡಿದು ನಿಂತಿರುವ ಪ್ರೇಷಿತರು, ಪಕ್ಕದ ಗೋಡೆಗಳ ಕಮಾನುಗಳಲ್ಲಿ ಧರ್ಮಸಭೆಯ ಸಂತರು, ಹಿಂಬದಿಯ ಗೋಡೆಯಲ್ಲಿ, ಮಕ್ಕಳನ್ನು ಬಳಿಗೆ ಕರೆದುಕೊಂಡಿರುವ ಯೇಸು.

ಇವನ್ನು ಚಿತ್ರಿಸಿದವರು ಬ್ರದರ್ ಆಂಟೋನಿಯೊ ಮೊಸ್ಕೇನಿ. 1854ರಲ್ಲಿ ಇಟಲಿಯ ಬೆರ್ಗಮೊ ನಗರದ ಸಮೀಪದ ಸ್ಟೆಝಾನೊ ಎಂಬ ಊರಿನಲ್ಲಿ ಹುಟ್ಟಿ, ಬೆರ್ಗಮೊದ ಕರಾರ ಕಲಾಶಾಲೆಯಲ್ಲಿ ಶಿಕ್ಷಣ ಪಡೆದು, ರೋಮಿನ ಮಹಾಕೃತಿಗಳನ್ನು ಕಣ್ತುಂಬ ಅಭ್ಯಾಸ ಮಾಡಿ, ಚಿತ್ರಕಾರನೆಂಬ ಹೆಸರು ನಿಲ್ಲುತ್ತಿದ್ದ ವಯಸ್ಸಿನಲ್ಲಿಯೇ ಲೌಕಿಕವನ್ನು ತೊರೆದು, 1889ರಲ್ಲಿ ಜೆಸುಯಿಟ್ ಸಭೆಯನ್ನು ಸೇರಿದವರು ಅವರು. ಸನ್ಯಾಸವು ಅವರ ಕೈಯಿಂದ ಕುಂಚವನ್ನು ಕಸಿದುಕೊಳ್ಳಲಿಲ್ಲ. ಅದನ್ನು ಹಿಡಿದೇ ಅವರು 1899ರಲ್ಲಿ ಮಂಗಳೂರಿಗೆ ಬಂದರು, ಮತ್ತು ಎರಡು ವರ್ಷಕ್ಕೆ ತುಸು ಮಿಕ್ಕ ಅವಧಿಯಲ್ಲಿ ಈ ಕಾರ್ಯವನ್ನು ಮುಗಿಸಿದರು.

ಮೇಲ್ಮಾಡದ ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣಗಳು. ಗೋಡೆಯವು ಹಸಿಗಾರೆಯ ಚಿತ್ರಗಳು. ಈ ಎರಡನೆಯ ವಿದ್ಯೆಯ ಕಷ್ಟವನ್ನು ತಿಳಿಯದೆ ಇಲ್ಲಿಯ ಶ್ರಮವನ್ನು ಅಳೆಯಲಾಗದು. ಗೋಡೆಯ ಮೇಲೆ ಅಂದಂದಿನ ಕೆಲಸಕ್ಕೆ ಸಾಕಾಗುವಷ್ಟೇ ಸುಣ್ಣದ ಗಾರೆಯನ್ನು ಬಳಿದು, ಕರಣೆಯಿಂದ ನುಣುಪು ಮಾಡಿ, ಅದು ಇನ್ನೂ ತೇವವಾಗಿರುವಾಗಲೇ ನೀರಿನಲ್ಲಿ ಅರೆದ ಬಣ್ಣವನ್ನು ಹಚ್ಚಬೇಕು. ಗಾರೆಯ ಸುಣ್ಣವು ಗಾಳಿಯೊಳಗಿನ ಇಂಗಾಲಾಮ್ಲವನ್ನು ಹೀರಿ ಮರಳಿ ಕಲ್ಲಾಗುವಾಗ, ಬಣ್ಣದ ಕಣಗಳನ್ನು ತನ್ನೊಳಗೇ ಸೆರೆಹಿಡಿಯುತ್ತದೆ. ಆದುದರಿಂದ ಅಂಟಿನ ಅಗತ್ಯವಿಲ್ಲ; ಆದರೆ ತಿದ್ದುವುದಕ್ಕೆ ಅವಕಾಶವೂ ಇಲ್ಲ. ಗಾರೆ ಒಣಗಿದ ಮೇಲೆ ತಪ್ಪು ಕಂಡರೆ ಆ ಭಾಗವನ್ನು ಕೆತ್ತಿ ತೆಗೆದು ಮೊದಲಿನಿಂದ ಆರಂಭಿಸಬೇಕು. ಕೆಮ್ಮಣ್ಣು, ಹಳದಿ ಮಣ್ಣು ಮುಂತಾಗಿ ಸುಣ್ಣದ ಕ್ಷಾರವನ್ನು ತಾಳಬಲ್ಲ ಬಣ್ಣಗಳನ್ನು ಮಾತ್ರವೇ ಬಳಸಬಹುದು. ಅವು ಕೂಡ ಒದ್ದೆಯಾಗಿದ್ದಾಗ ಗಾಢವಾಗಿ ಕಂಡು ಒಣಗಿದಾಗ ತಿಳಿಯಾಗುವುದರಿಂದ, ಕಲಾವಿದನು ಎದುರಿಗೆ ಕಾಣುವ ಬಣ್ಣವನ್ನಲ್ಲ, ಕೆಲವು ದಿನಗಳ ಅನಂತರ ಉಳಿಯಲಿರುವ ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು ಕೈಯಾಡಿಸಬೇಕು. ಅದೂ ಸಾರುವೆಯ ಮೇಲೆ ನಿಂತು, ಕೆಳಗಿನ ಪೀಠಗಳಲ್ಲಿ ಕುಳಿತವರಿಗೆ ಪ್ರಮಾಣ ತಪ್ಪದಂತೆ.

ಈ ಪೀಠಗಳಲ್ಲಿ ಕುಳಿತವರನ್ನು ಮರೆತು ಚಿತ್ರಗಳನ್ನಷ್ಟೇ ಹೊಗಳುವುದು ನನಗೆ ಸರಿಯೆಂದು ತೋರುವುದಿಲ್ಲ. ಪ್ರವಾಸಿಗಳ ಕೈಪಿಡಿಗಳು ಮಾತ್ರ ಹಾಗೆಯೇ ಮಾಡುತ್ತವೆ. ಮಂದಿರವು ಕಟ್ಟಲ್ಪಟ್ಟುದು 1884ರಲ್ಲಿ. ಅದಕ್ಕೆ ಸರಿಯಾಗಿ ನೂರು ವರ್ಷಗಳ ಹಿಂದೆ, 1784ರಲ್ಲಿ, ಈ ಕರಾವಳಿಯ ಕ್ರೈಸ್ತರು ಟಿಪ್ಪುಸುಲ್ತಾನನ ಆಜ್ಞೆಯಿಂದ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆದಿದ್ದರು. ಅವರ ಇಗರ್ಜಿಗಳು ನೆಲಸಮವಾಗಿದ್ದವು. 1799ರ ಬಳಿಕ ಬದುಕಿ ಮರಳಿದವರು ಗದ್ದೆಗಳನ್ನೂ ಮನೆಗಳನ್ನೂ ಇಗರ್ಜಿಗಳನ್ನೂ ಮತ್ತೆ ಕಟ್ಟಿಕೊಳ್ಳಬೇಕಾಯಿತು. ಅವರ ಮೊಮ್ಮಕ್ಕಳ, ಮರಿಮಕ್ಕಳ ಕಾಲದಲ್ಲಿ, ತಮ್ಮವರಿಗೂ ಉಚ್ಚ ಶಿಕ್ಷಣ ಬೇಕೆಂಬ ಹಂಬಲ ಬಲಿತು, 1878ರ ಕೊನೆಯ ದಿನ ಇಟಲಿಯ ಜೆಸುಯಿಟರು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ವಿದ್ಯಾಲಯವು ಆರಂಭವಾಯಿತು. ಮೊಸ್ಕೇನಿ ಚಿತ್ರಿಸಿದುದು ಕಳೆದುಕೊಂಡು ಪುನಃ ಪಡೆದ ಒಂದು ಜನಾಂಗದ ಕಣ್ಣೆದುರಿನಲ್ಲಿ.

ಆ ದಿನಗಳಲ್ಲಿ ಬಲಿಪೂಜೆಯು ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕೊಂಕಣಿಯನ್ನೂ ಬೀದಿಯಲ್ಲಿ ತುಳುವನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುತ್ತಿದ್ದ ಭಕ್ತರಿಗೆ ಪೀಠದ ಬಳಿ ನಡೆಯುವ ಮಂತ್ರೋಚ್ಚಾರವು ಪೂಜ್ಯವಾಗಿದ್ದರೂ ಸುಗಮವಾಗಿರಲಿಲ್ಲ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಅನಂತರವಷ್ಟೇ ದೇಶಭಾಷೆಗಳು ಪೀಠವನ್ನೇರಿದುವು. ಅಲ್ಲಿಯವರೆಗೆ, ಯಾವ ವ್ಯಾಖ್ಯಾನವೂ ಬೇಕಿಲ್ಲದೆ ಅವರೊಡನೆ ಮಾತನಾಡಿದುದು ಈ ಗೋಡೆಗಳು.

ಏನನ್ನು ಮಾತನಾಡಿದುವು ಎಂಬುದಕ್ಕೆ ಒಂದೇ ಪ್ರಸಂಗವನ್ನು ನೋಡೋಣ. 1568ರಲ್ಲಿ ಸಿರಿವಂತ ಪಾಳೆಯಗಾರರ ಮನೆಯ ಹಿರಿಯ ಮಗನಾಗಿ ಹುಟ್ಟಿದ ಅಲೋಶಿಯಸ್, ತನಗೆ ಬರಬೇಕಾಗಿದ್ದ ಅಧಿಕಾರವನ್ನು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದನು. 1591ರಲ್ಲಿ ರೋಮಿನಲ್ಲಿ ಮಹಾಮಾರಿ ಹರಡಿದಾಗ ರೋಗಿಗಳ ಶುಶ್ರೂಷೆಗೆ ನಿಂತು, ಆ ವ್ಯಾಧಿಯಿಂದಲೇ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಜೂನ್ 21ರಂದು ತೀರಿಕೊಂಡನು. ನಾನೂರು ವರ್ಷಗಳಿಗೂ ಹಿಂದಿನ, ದೂರದೇಶದ ಕಥೆಯೆಂದು ನಾವು ಓದಬಹುದು. ಆದರೆ 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ದೇಶದಾದ್ಯಂತ ಭೀತಿಯನ್ನು ಹಬ್ಬಿಸಿದ್ದಿತು, ಮತ್ತು ಅದೇ ಆಸುಪಾಸಿನ ವರ್ಷಗಳಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರರು ಪ್ಲೇಗಿನ ರೋಗಿಗಳಿಗೆ ಪ್ರತ್ಯೇಕ ಆಸ್ಪತ್ರೆಯನ್ನು ತೆರೆದರು. ರೋಗಿಯ ಬಳಿಗೆ ನಡೆದುಹೋದ ತರುಣನ ಕಥೆಯನ್ನು ನೋಡುತ್ತ ಕುಳಿತ ವಿದ್ಯಾರ್ಥಿಗೆ, ಅಂತಹ ಬಾಗಿಲೊಂದು ತನ್ನೂರಿನಲ್ಲಿಯೇ ತೆರೆದಿರುವುದು ತಿಳಿದಿತ್ತು.

ಚಿತ್ರವಿದ್ಯೆಯು ಈ ಸಮುದಾಯಕ್ಕೆ ಹೊರಗಿನಿಂದ ಬಂದ ಕೊಡುಗೆಯಾದರೆ, ಹಾಡು ಒಳಗಿನಿಂದಲೇ ಹುಟ್ಟಿತು. ಗೋವೆಯ ಪಾದ್ರಿ ಜೋಕಿಂ ಮಿರಾಂದರು ಹದಿನೆಂಟನೆಯ ಶತಮಾನದಲ್ಲಿ ಕೊಂಕಣಿಯಲ್ಲಿ ರಚಿಸಿದ ಕ್ರಿಸ್ತಯಾತನೆಯ ದೀರ್ಘಗೀತೆ ಇಂದಿಗೂ ತಪಸ್ಸುಕಾಲದಲ್ಲಿ ಕೇಳಿಬರುತ್ತದೆ. ಫರಂಗಿಪೇಟೆಯಲ್ಲಿ 1763ರಲ್ಲಿ ಅವರೇ ಆರಂಭಿಸಿದರೆಂದು ಹೇಳುವ ಮೊಂತಿಹಬ್ಬವು ಸೆಪ್ಟೆಂಬರ್ 8ರಂದು ಮನೆಮನೆಯ ಹಬ್ಬವಾಗುತ್ತದೆ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂಗಳನ್ನು ತಂದು, ಹಾಡುತ್ತ, ಬಾಲಮರಿಯಮ್ಮನ ಪ್ರತಿಮೆಗೆ ಎರಚುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳು ಆಶೀರ್ವಾದ ಪಡೆದು ಮನೆಗಳಿಗೆ ಬರುತ್ತವೆ; ಕಾಳನ್ನು ಸುಲಿದು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ, ಹಿರಿಯರಿಂದ ಕಿರಿಯರವರೆಗೆ ಎಲ್ಲರಿಗೂ ಹಂಚಿದ ಮೇಲೆ, ಬಾಳೆಯೆಲೆಯ ಮೇಲೆ ಸಸ್ಯಾಹಾರದ ಊಟ ನಡೆಯುತ್ತದೆ. ಮದುವೆಯ ಮುನ್ನಾದಿನ ತೆಂಗಿನ ಹಾಲನ್ನು ಹಚ್ಚುವ ರೋಸ್ ಸಂಸ್ಕಾರದಲ್ಲಿ ಹೆಂಗಸರು ಹೇಳುವ ವೋವಿಗಳು, ಮಣ್ಣಿನ ಗಡಿಗೆಯ ಬಾಯಿಗೆ ಚರ್ಮ ಬಿಗಿದ ಗುಮಟೆಯ ನಾದ, ಇವೆಲ್ಲವೂ ಇಗರ್ಜಿಯ ಅಂಗಳವನ್ನೂ ಮನೆಯ ಅಂಗಳವನ್ನೂ ಒಂದೇ ನೂಲಿನಲ್ಲಿ ಪೋಣಿಸಿವೆ. 1938ರಿಂದ ಕನ್ನಡ ಲಿಪಿಯಲ್ಲಿ ಪ್ರಕಟವಾಗುತ್ತಿರುವ ಕೊಂಕಣಿ ವಾರಪತ್ರಿಕೆ ರಾಕ್ಣೊ, 1986ರಲ್ಲಿ ಹುಟ್ಟಿದ ಕೊಂಕಣಿ ಸಾಂಸ್ಕೃತಿಕ ಸಂಘಟನೆ ಮಾಂಡ್ ಸೊಭಾಣ್, ಇವು ಇದೇ ಬಳ್ಳಿಯ ಕುಡಿಗಳು.

ಮಳೆಯು ಈ ನಾಡಿಗೆ ಅನ್ನವನ್ನು ಕೊಡುವಂತೆಯೇ ಮಂದಿರದ ಚಿತ್ರಗಳಿಗೆ ಹಾನಿಯನ್ನೂ ತಂದಿತು. ಜೂನ್‌ನಿಂದ ನಾಲ್ಕು ತಿಂಗಳು ಬಿಡದೆ ಸುರಿಯುವ ನೀರಿನ ತೇವ ಗೋಡೆಗೆ ಇಳಿದರೆ, ಅದರೊಡನೆ ಚಲಿಸುವ ಲವಣಗಳು ಒಣಗುವಾಗ ಹರಳುಗಟ್ಟಿ ಬಣ್ಣದ ಪದರವನ್ನು ಒಳಗಿನಿಂದ ಮೇಲೆತ್ತುತ್ತವೆ. ಕ್ಯಾನ್ವಾಸು ಬೂಷ್ಟಿಗೆ ತುತ್ತಾಗುತ್ತದೆ. ಇಂಟಾಕ್ ಸಂಸ್ಥೆಯ ಲಖನೌ ಸಂರಕ್ಷಣಾ ಕೇಂದ್ರದವರು 1991ರಿಂದ 1994ರವರೆಗೆ ಇಲ್ಲಿದ್ದು ಇವುಗಳನ್ನು ಶುಚಿಗೊಳಿಸಿ ಬಲಪಡಿಸಿದರು. ಮೂಲದ ಕುಂಚಕ್ಕೆ ತಮ್ಮ ಕುಂಚವನ್ನು ಬೆರೆಸದೆ ಕಾಯುವ ಇಂತಹ ಸಂಯಮಕ್ಕೆ ನಾಡು ಋಣಿಯಾಗಿರಬೇಕು.

ಮಂಗಳೂರನ್ನು ಬಿಟ್ಟು ಮೊಸ್ಕೇನಿ ಕೊಚ್ಚಿಯ ಸಾಂತಾಕ್ರೂಸ್ ಪ್ರಧಾನಾಲಯವನ್ನು ಅಲಂಕರಿಸಲು ಹೋದರು. ಅಲ್ಲಿ ಅವರಿಗೆ ನೆರವಾದವರು ಮಂಗಳೂರಿನವರೇ ಆದ ಶಿಷ್ಯ ದ ಗಾಮ. ಆಲಯದ ಪ್ರತಿಷ್ಠೆಗೆ ನಾಲ್ಕು ದಿನ ಮೊದಲು, 1905ರ ನವೆಂಬರ್ 15ರಂದು, ಗುರುವು ಕೊಚ್ಚಿಯಲ್ಲಿಯೇ ತೀರಿಕೊಂಡರು. ಹಾಡಿಗೆ ಈ ಸಮುದಾಯದಲ್ಲಿ ತಲೆತಲಾಂತರದಿಂದ ಶಿಷ್ಯರು ದೊರೆತಂತೆ ಹಸಿಗಾರೆಯ ಕುಂಚಕ್ಕೆ ದೊರೆಯಲಿಲ್ಲವೆಂಬುದು ನನ್ನ ಮನಸ್ಸನ್ನು ನೋಯಿಸುತ್ತದೆ. ಹೊಸ ಇಗರ್ಜಿಗಳು ಸಿದ್ಧಪ್ರತಿಮೆಗಳಿಂದ ತೃಪ್ತವಾಗಿವೆ. ಸುಣ್ಣ ಸುಡುವುದನ್ನೂ ಗಾರೆ ಕಲಸುವುದನ್ನೂ ಬಲ್ಲ ಕೈಗಳು ಕರಾವಳಿಯಲ್ಲಿ ಇನ್ನೂ ಇವೆ, ಚಿತ್ರಕಲೆಯನ್ನು ಕಲಿಯುವ ಯುವಕರೂ ಮಂಗಳೂರಿನಲ್ಲಿಯೇ ಇದ್ದಾರೆ. ಅವರಲ್ಲಿ ಕೆಲವರನ್ನಾದರೂ ಈ ಗೋಡೆಗಳ ಮುಂದೆ ಕೂರಿಸಿ, ಒಂದು ಗೇಣು ಹಸಿಗಾರೆಯ ಮೇಲೆ ಅಂದಿನ ಬಣ್ಣವನ್ನು ಅಂದೇ ಹಚ್ಚಲು ಕಲಿಸುವ ಏರ್ಪಾಡನ್ನು ವಿದ್ಯಾಲಯವೂ ಧರ್ಮಪ್ರಾಂತವೂ ಕೂಡಿ ಮಾಡಬಾರದೇಕೆ?