ಕಾಣುವ ಅಂಕಿ, ಇರುವ ಅಂಕಿ

1998ರ ಬೇಸಿಗೆ. ಬಯಲುಸೀಮೆಯ ಜಿಲ್ಲೆಯೊಂದರಲ್ಲಿ ಕುಡಿಯುವ ನೀರಿನ ಅನುದಾನವನ್ನು ತಾಲ್ಲೂಕುಗಳಿಗೆ ಹಂಚುವ ಹೊಣೆ ನನ್ನ ಮೇಲಿತ್ತು. ಕಚೇರಿಗೆ ಕಂಪ್ಯೂಟರ್ ಬಂದು ಆರು ತಿಂಗಳೂ ಆಗಿರಲಿಲ್ಲ. ಹಂಚಿಕೆಯ ತಃಖ್ತೆಯನ್ನು ಅದರಲ್ಲಿಯೇ ಸಿದ್ಧಪಡಿಸಿ, ಲಕ್ಷ ರೂಪಾಯಿಗಳ ಲೆಕ್ಕದಲ್ಲಿ, ದಶಮಾಂಶದ ನಂತರ ಎರಡು ಅಂಕಿಗಳಿರುವಂತೆ ಮುದ್ರಿಸಿ ಸಭೆಯ ಮುಂದಿಟ್ಟಿದ್ದೆವು. ಮೂರು ತಾಲ್ಲೂಕುಗಳಿಗೆ ಕ್ರಮವಾಗಿ 12.34, 15.34 ಮತ್ತು 9.34, ಕೆಳಗೆ ಒಟ್ಟು ಮೊತ್ತ 37.03. ಹಿರಿಯ ಸದಸ್ಯರೊಬ್ಬರು ಪೆನ್ಸಿಲ್ ಹಿಡಿದು ಕೂಡಿದರು. 37.02 ಬಂತು. 'ಕಂಪ್ಯೂಟರಿಗೆ ಕೂಡುವುದು ಬರುವುದಿಲ್ಲವೇ ಅಥವಾ ನಿಮಗೇ?' ಎಂದರು. ಸಭೆ ನಕ್ಕಿತು. ಲಕ್ಷದ ಲೆಕ್ಕದಲ್ಲಿ 0.01 ಎಂದರೆ ಒಂದು ಸಾವಿರ ರೂಪಾಯಿ. ಆ ಸಾವಿರ ಎಲ್ಲಿಂದ ಬಂತೆಂದು ಹೇಳಲು ನನಗೂ ತಿಳಿಯಲಿಲ್ಲ.

ಯಂತ್ರದ ಲೆಕ್ಕ ತಪ್ಪಾಗಿರಲಿಲ್ಲ. ಒಳಗಿದ್ದ ಅಂಕಿಗಳು 12.344, 15.344 ಮತ್ತು 9.344. ಅವುಗಳ ಮೊತ್ತ 37.032. ಪ್ರತಿಯೊಂದನ್ನೂ ಎರಡು ಸ್ಥಾನಕ್ಕೆ ಮೊಟಕುಗೊಳಿಸಿ ತೋರಿಸಿದಾಗ ಮೂರು ಸಾಲಿನಲ್ಲಿಯೂ ಕೊನೆಯ 4 ಕಣ್ಮರೆಯಾಯಿತು. ಮೂರು ನಾಲ್ಕುಗಳು ಸೇರಿದಾಗ ಮಾತ್ರ ಅವು 12 ಆಗಿ, ಮೊತ್ತದಲ್ಲಿ ಒಂದಂಕಿ ಮೇಲೇರಿತು. ಇಷ್ಟೇ ಸಂಗತಿ. ಇದನ್ನು ಅರಿಯದ ನಮ್ಮ ಸಹಾಯಕರು, ಮರುದಿನದ ಮುಜುಗರ ತಪ್ಪಿಸಲೆಂದು, ಮೊತ್ತದ ಕೋಶದಲ್ಲಿದ್ದ ಸೂತ್ರವನ್ನು ಅಳಿಸಿ ಕೈಯಿಂದಲೇ 37.02 ಎಂದು ಬೆರಳಚ್ಚು ಮಾಡಿದರು. ಕಾಗದದ ಮೇಲೆ ಲೆಕ್ಕ ತಾಳೆಯಾಯಿತು. ಹತ್ತು ದಿನಗಳ ನಂತರ ಎರಡನೆಯ ತಾಲ್ಲೂಕಿನ ಕೊಳವೆಬಾವಿಗಳ ದುರಸ್ತಿಗೆಂದು ಎರಡೂವರೆ ಲಕ್ಷ ರೂಪಾಯಿ ಹೆಚ್ಚುವರಿಯಾಗಿ ಮಂಜೂರಾಯಿತು. ಸಾಲಿನಲ್ಲಿ ಅಂಕಿ ಬದಲಾಯಿತು. ಸೂತ್ರವೇ ಇಲ್ಲದ ಮೊತ್ತ ಬದಲಾಗಲಿಲ್ಲ. ಬಿಡುಗಡೆ ಆದೇಶ ಹೊರಟದ್ದು ಮೊತ್ತವನ್ನು ನೋಡಿ. ಹಣ ಸಾಲದೆಂದು ತಿಳಿದು, ಪೂರಕ ಆದೇಶ ಹೊರಡುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಮೇ ತಿಂಗಳ ಮೂರು ವಾರ. ಆದೇಶದ ಕೆಳಗಿದ್ದ ಸಹಿ ನನ್ನದು.

ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ಸೂಚ್ಯಂಕಗಳ ಬಗ್ಗೆ ಎರಡು ವರ್ಷ ಓದಿದ್ದ ನನಗೆ ಕೋಶದಲ್ಲಿ ಕಾಣುವ ಅಂಕಿಗೂ ಅದರಲ್ಲಿರುವ ಅಂಕಿಗೂ ವ್ಯತ್ಯಾಸವಿದೆಯೆಂಬುದು ಹೊಳೆದದ್ದು ಆ ಬೇಸಿಗೆಯಲ್ಲಿ. ಇಂದು ಗ್ರಾಮ ಪಂಚಾಯಿತಿಯಿಂದ ಹಣಕಾಸು ಇಲಾಖೆಯವರೆಗೆ, ಬೀದಿಯ ಅಂಗಡಿಯಿಂದ ಬಹುರಾಷ್ಟ್ರೀಯ ಕಂಪನಿಯವರೆಗೆ ಲೆಕ್ಕವೆಲ್ಲ ಸ್ಪ್ರೆಡ್‌ಶೀಟಿನಲ್ಲಿ. ಆದರೆ ಅದರ ಮೇಲ್ಪಟ್ಟಿಯಲ್ಲಿ ದಶಮಾಂಶ ಹೆಚ್ಚಿಸುವ, ಕಡಿಮೆ ಮಾಡುವ ಎರಡು ಪುಟ್ಟ ಗುಂಡಿಗಳನ್ನು ಒತ್ತಿದಾಗ ನಿಜವಾಗಿ ಏನಾಗುತ್ತದೆಯೆಂದು ಕೇಳಿದರೆ, ದಿನವಿಡೀ ಅದರೊಡನೆಯೇ ಏಗುವವರಲ್ಲಿಯೂ ಅನೇಕರು ತಡವರಿಸುತ್ತಾರೆ. ಉತ್ತರ ಸರಳ: ಒಳಗೆ ಏನೂ ಆಗುವುದಿಲ್ಲ. ಕಿಟಕಿಯ ಪರದೆಯನ್ನು ಸರಿಸಿದಂತೆ, ನೋಟ ಮಾತ್ರ ಬದಲಾಗುತ್ತದೆ. ಅಂಕಿಯೇ ಬದಲಾಗಬೇಕಿದ್ದರೆ 'ರೌಂಡ್' ಎಂಬ ಸೂತ್ರವನ್ನು ಬರೆಯಬೇಕು. ಎಷ್ಟು ಸ್ಥಾನಕ್ಕೆಂದು ಅದರಲ್ಲಿಯೇ ಹೇಳಬೇಕು. ಸದಾ ಮೇಲಕ್ಕೇರಿಸಲು 'ರೌಂಡ್‌ಅಪ್', ಸದಾ ಕೆಳಗಿಳಿಸಲು 'ರೌಂಡ್‌ಡೌನ್' ಇವೆ. ಸ್ಥಾನದ ಜಾಗದಲ್ಲಿ ಋಣಸಂಖ್ಯೆ ಕೊಟ್ಟರೆ ಹತ್ತಕ್ಕೆ, ನೂರಕ್ಕೆ, ಸಾವಿರಕ್ಕೂ ಸರಿಹೊಂದಿಸಬಹುದು.

ಮೂರನೆಯ ದಾರಿಯೊಂದಿದೆ, ಅದರ ಬಗ್ಗೆ ಎಚ್ಚರಿಕೆ ಅಗತ್ಯ. ಎಕ್ಸೆಲ್‌ನ ಆಯ್ಕೆಗಳ ಪಟ್ಟಿಯಲ್ಲಿ, ಪರದೆಯ ಮೇಲೆ ಕಾಣುವಷ್ಟನ್ನೇ ನಿಜವಾದ ಬೆಲೆಯೆಂದು ಪರಿಗಣಿಸುವಂತೆ ಇಡೀ ಕಡತಕ್ಕೆ ಆಜ್ಞಾಪಿಸುವ ಸೌಲಭ್ಯವಿದೆ. ಒಮ್ಮೆ ಗುರುತು ಹಾಕಿದರೆ, ಟೈಪು ಮಾಡಿಟ್ಟ ಅಂಕಿಗಳ ಉಳಿದ ದಶಮಾಂಶಗಳು ಶಾಶ್ವತವಾಗಿ ಅಳಿಯುತ್ತವೆ. ಮುಂದೆ ಗುರುತು ತೆಗೆದರೂ ಅವು ಮರಳುವುದಿಲ್ಲ. ತಾಳೆಯ ತಲೆನೋವಿಗೆ ಇದನ್ನೇ ಮದ್ದೆಂದು ಬಳಸುವವರನ್ನು ಕಂಡಿದ್ದೇನೆ. ಮೂಲ ಕಡತದ ಪ್ರತಿಯೊಂದನ್ನು ಬೇರೆ ಇಟ್ಟುಕೊಳ್ಳದೆ ಅದರ ಗೊಡವೆಗೆ ಹೋಗದಿರುವುದು ಲೇಸು.

ದಶಮಾಂಶದ ಕೊನೆಯ ಅಂಕಿಗೆ ಎಷ್ಟು ಬೆಲೆಯೆಂದು ಕೇಳುವವರಿಗೆ ಕರ್ನಾಟಕದ್ದೇ ಉದಾಹರಣೆ ಕೊಡಬಹುದು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಐದು ವರ್ಷಗಳಿಗೆ ಕೇಂದ್ರ ತೆರಿಗೆಗಳಲ್ಲಿ ನಮ್ಮ ರಾಜ್ಯದ ಪಾಲನ್ನು ಶೇ 3.647 ಎಂದು ನಿಗದಿಪಡಿಸಿತು. ಅದಕ್ಕೂ ಹಿಂದಿನ ಆಯೋಗ ನೀಡಿದ್ದು ಶೇ 4.713. ಆ ಇಳಿಕೆಯ ನ್ಯಾಯಾನ್ಯಾಯ ಬೇರೆಯೇ ಚರ್ಚೆ. ಇಲ್ಲಿ ಗಮನಿಸಬೇಕಾದದ್ದು ಆ ಮೂರನೆಯ ಸ್ಥಾನ. ಐದು ವರ್ಷಗಳಲ್ಲಿ ಎಲ್ಲ ರಾಜ್ಯಗಳಿಗೆ ಹಂಚಿಕೆಯಾಗುವ ಮೊತ್ತವನ್ನು ಆಯೋಗ 42.2 ಲಕ್ಷ ಕೋಟಿ ರೂಪಾಯಿಯೆಂದು ಅಂದಾಜಿಸಿತ್ತು. 3.647 ಅನ್ನು ಯಾರಾದರೂ 3.6 ಎಂದು ಬರೆದು ಅದರಿಂದಲೇ ಗುಣಿಸಿದ್ದರೆ ಕರ್ನಾಟಕದ ಲೆಕ್ಕದಿಂದ ಸುಮಾರು 1,983 ಕೋಟಿ ರೂಪಾಯಿ ಹಾರಿಹೋಗುತ್ತಿತ್ತು. 3.65 ಎಂದಿದ್ದರೆ 126 ಕೋಟಿಗೂ ಹೆಚ್ಚು ಇತರ ರಾಜ್ಯಗಳ ಪಾಲಿನಿಂದ ನಮ್ಮತ್ತ ಸರಿಯುತ್ತಿತ್ತು. ಪತ್ರಿಕೆಯ ತಲೆಬರಹದಲ್ಲಿ 3.6 ಸಾಕು, ಗುಣಾಕಾರಕ್ಕೆ ಸಾಲದು. ಓದುವುದಕ್ಕೆ ಮೊಟಕುಗೊಳಿಸಿದ ಅಂಕಿಯಿಂದ ಲೆಕ್ಕ ಮುಂದುವರಿಸಬಾರದೆಂಬ ಈ ಒಂದು ನಿಯಮವನ್ನು ಪಾಲಿಸಿದರೆ ಅರ್ಧ ಅನಾಹುತ ತಪ್ಪೀತು.

ಕೆನಡಾದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರ ಇದನ್ನು ಕಲಿತದ್ದು ಸಾರ್ವಜನಿಕವಾಗಿ. 1982ರಲ್ಲಿ 1000 ಅಂಶದಿಂದ ಆರಂಭವಾದ ಅದರ ಸೂಚ್ಯಂಕವನ್ನು ದಿನಕ್ಕೆ ಸಾವಿರಾರು ಬಾರಿ ಮರುಲೆಕ್ಕ ಹಾಕಿ, ಪ್ರತಿ ಸಲವೂ ಮೂರನೆಯ ದಶಮಾಂಶದ ಆಚೆಗಿನದನ್ನು ಕತ್ತರಿಸಿ ಎಸೆಯಲಾಗುತ್ತಿತ್ತು. ಷೇರುಗಳು ಚೆನ್ನಾಗಿಯೇ ನಡೆಯುತ್ತಿದ್ದರೂ 1983ರ ನವೆಂಬರ್ ವೇಳೆಗೆ ಸೂಚ್ಯಂಕ 520ರ ಆಸುಪಾಸಿಗೆ ಇಳಿದಿತ್ತು. ಸರಿಪಡಿಸಿದಾಗ ಅದು 1098ಕ್ಕೂ ಮೇಲಿತ್ತು.

ಜರ್ಮನಿಯ ಷ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ 1992ರ ಚುನಾವಣೆಯ ಪ್ರಸಂಗ ಇನ್ನೂ ಮಾರ್ಮಿಕ. ಅಲ್ಲಿ ಶಾಸನಸಭೆ ಪ್ರವೇಶಿಸಲು ಪಕ್ಷವೊಂದಕ್ಕೆ ಸಾಮಾನ್ಯವಾಗಿ ಶೇ 5 ಮತ ಬೇಕು. ಗ್ರೀನ್ ಪಕ್ಷಕ್ಕೆ ಬಂದದ್ದು ಶೇ 4.97. ಫಲಿತಾಂಶ ಮುದ್ರಿಸುವ ಕಂಪ್ಯೂಟರ್ ಕ್ರಮವಿಧಿ ಒಂದೇ ದಶಮಾಂಶ ತೋರಿಸುತ್ತಿದ್ದುದರಿಂದ ಹಾಳೆಯ ಮೇಲೆ 5.0 ಎಂದು ಬಂತು. ಪಕ್ಷ ಗೆದ್ದಿತೆಂದು ಘೋಷಣೆಯೂ ಆಯಿತು. ತಪ್ಪು ತಿಳಿದದ್ದು ತಡರಾತ್ರಿ. ಗ್ರೀನ್ ಪಕ್ಷ ಸಭೆಯಿಂದ ಹೊರಗುಳಿಯಿತು, ಸೋಷಿಯಲ್ ಡೆಮಾಕ್ರಟರಿಗೆ ಒಂದು ಸ್ಥಾನದ ಬಹುಮತ ದೊರೆಯಿತು.

ಗಡಿರೇಖೆಯ ಈ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿದೆ. ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ರೌಂಡಿಂಗ್ ಎಂಬುದು ಗಣಿತಕ್ಕಿಂತ ಹೆಚ್ಚಾಗಿ ನೀತಿಯ ವಿಷಯವೆಂಬುದು ಮನದಟ್ಟಾಗುತ್ತದೆ. ಉತ್ತರಪ್ರದೇಶದ ನೇಮಕಾತಿಯೊಂದರಲ್ಲಿ 93 ಹುದ್ದೆಗಳ ಅರ್ಧ, ಅಂದರೆ 46.5, ಸಾಮಾನ್ಯ ವರ್ಗಕ್ಕೆ ಸಲ್ಲಬೇಕಿತ್ತು; ಸರ್ಕಾರ ಅದನ್ನು 46ಕ್ಕೆ ಇಳಿಸಿತು. ಅರ್ಧ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದಕ್ಕೆ ಏರಿಸುವುದು, ಕಡಿಮೆಯಿದ್ದರೆ ಬಿಡುವುದು ಸಾಮಾನ್ಯ ವಿವೇಕವೆಂದ ನ್ಯಾಯಾಲಯ 2005ರಲ್ಲಿ 47 ಎಂದು ತೀರ್ಮಾನಿಸಿತು. ಅದೇ ನ್ಯಾಯಾಲಯ 2011ರಲ್ಲಿ, ಒಡಿಶಾ ಲೋಕಸೇವಾ ಆಯೋಗದ ಪ್ರಕರಣದಲ್ಲಿ, 44.93 ಅನ್ನು 45 ಮಾಡಲು ಒಪ್ಪಲಿಲ್ಲ. ನ್ಯಾಯಾಂಗ ಸೇವೆಯ ಮುಖ್ಯ ಪರೀಕ್ಷೆಯಲ್ಲಿ 750ಕ್ಕೆ 337 ಅಂಕ ಪಡೆದಿದ್ದ ಅಭ್ಯರ್ಥಿಗೆ ಒಟ್ಟಾರೆ ಶೇ 45ರ ಕನಿಷ್ಠ ಅರ್ಹತೆಯಿರಲಿಲ್ಲ. ನಿಯಮಗಳಲ್ಲಿ ರೌಂಡಿಂಗ್‌ಗೆ ಅವಕಾಶವಿಲ್ಲದಿರುವಾಗ ಅದನ್ನು ಹೊರಗಿನಿಂದ ತಂದು ಸೇರಿಸಲಾಗದು ಎಂಬುದು ತೀರ್ಪಿನ ತಿರುಳು. ಮೇಲ್ನೋಟಕ್ಕೆ ವಿರೋಧಾಭಾಸವೆನಿಸಬಹುದು. ಆದರೆ ಅರ್ಧ ಹುದ್ದೆಗೆ ಅರ್ಧ ಮನುಷ್ಯನನ್ನು ನೇಮಿಸಲಾಗದು, ಅಲ್ಲಿ ಪೂರ್ಣಾಂಕ ಅನಿವಾರ್ಯ. ಕನಿಷ್ಠ ಅಂಕವಾದರೋ ಹೊಸ್ತಿಲು. ಅದನ್ನು ದಾಟಬೇಕು ಅಥವಾ ದಾಟಿರಬಾರದು. ಈಗ ಆ ಅಭ್ಯರ್ಥಿಯ ಅಂಕಪಟ್ಟಿಯನ್ನು ದಶಮಾಂಶವಿಲ್ಲದ ಸ್ಪ್ರೆಡ್‌ಶೀಟಿನಲ್ಲಿ ಊಹಿಸಿಕೊಳ್ಳಿ. ಪರದೆಯ ಮೇಲೆ 45 ಎಂದೇ ಕಾಣುತ್ತದೆ. ಅದನ್ನು ಮುದ್ರಿಸಿ ಫಲಕಕ್ಕೆ ಅಂಟಿಸಿದರೆ, ಹೊರಗೆ ನಿಂತು ನೋಡುವ ತಂದೆತಾಯಿಗೆ ತಮ್ಮ ಮಗುವನ್ನು ಏಕೆ ಕೈಬಿಟ್ಟರೆಂದು ತಿಳಿಸುವುದು ಹೇಗೆ?

ಯಂತ್ರದೊಳಗೆ ಇನ್ನೊಂದು ತೊಡಕಿದೆ. ಮೂರನೆಯ ಒಂದನ್ನು ನಾವು 0.333 ಎಂದು ಎಷ್ಟು ಬರೆದರೂ ಮುಗಿಯದಂತೆ, ಎರಡೇ ಅಂಕಿಗಳಲ್ಲಿ ಎಣಿಸುವ ಕಂಪ್ಯೂಟರಿಗೆ 0.1 ಎಂಬುದು ಮುಗಿಯದ ಸಂಖ್ಯೆ. ಎಕ್ಸೆಲ್‌ನಲ್ಲಿ 43.1ರಿಂದ 43.2 ಕಳೆದು 1 ಕೂಡಿಸಿ, ಹದಿನೈದು ದಶಮಾಂಶಗಳನ್ನು ತೋರಿಸೆಂದರೆ 0.9ರ ಬದಲು 0.899999999999999 ಬರುತ್ತದೆ. ಕೊಂಚವೇ ಕಡಿಮೆ, ಆದರೆ '0.9 ಅಥವಾ ಹೆಚ್ಚಿದ್ದರೆ ಅರ್ಹ' ಎಂಬ ಷರತ್ತಿನಲ್ಲಿ ನಪಾಸಾಗಲು ಅಷ್ಟು ಸಾಕು. ಹೋಲಿಕೆಗೆ ಮುನ್ನ, ನಿಯಮ ಹೇಳುವಷ್ಟು ಸ್ಥಾನಕ್ಕೆ ರೌಂಡ್ ಮಾಡಬೇಕಾದದ್ದು ಇದಕ್ಕಾಗಿ. ಇನ್ನು, ಸರಿಯಾಗಿ ಅರ್ಧದ ಪ್ರಶ್ನೆ: ಎಕ್ಸೆಲ್ ಹಾಳೆಯ 'ರೌಂಡ್' ಸೂತ್ರ 2.5 ಅನ್ನು 3 ಮಾಡುತ್ತದೆ. ಅದೇ ಎಕ್ಸೆಲ್‌ನ ಮ್ಯಾಕ್ರೋ ಬರೆಯುವ ಭಾಷೆಯ 'ರೌಂಡ್' ಅದನ್ನು ಸಮಸಂಖ್ಯೆಯತ್ತ ತಳ್ಳಿ 2 ಮಾಡುತ್ತದೆ. ಒಂದೇ ಸೂರಿನಡಿ ಎರಡು ಸಂಪ್ರದಾಯ! ಎರಡಕ್ಕೂ ಸಮರ್ಥನೆಯಿದೆ. ಸದಾ ಮೇಲಕ್ಕೇ ಏರಿಸಿದರೆ ದೊಡ್ಡ ಮೊತ್ತಗಳು ಒಂದೇ ಕಡೆ ವಾಲುತ್ತವೆಂಬುದು ಎರಡನೆಯದರ ವಾದ. (ಹದಿನಾರು ಅಂಕಿಯ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿಯೇ ನಮೂದಿಸಿದರೆ ಎಕ್ಸೆಲ್ ಹದಿನೈದು ಅಂಕಿಗಳನ್ನಷ್ಟೇ ಉಳಿಸಿ ಕೊನೆಯದನ್ನು ಸೊನ್ನೆಯಾಗಿಸುತ್ತದೆ. ಫಲಾನುಭವಿಗಳ ಪಟ್ಟಿ ತಯಾರಿಸುವವರು ಇದನ್ನು ಪಠ್ಯವಾಗಿಯೇ ನಮೂದಿಸಬೇಕು.)

ಇದು ಕಂಪ್ಯೂಟರು ತಂದ ಪೀಡೆಯೆಂದು ಭಾವಿಸಬೇಕಿಲ್ಲ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆಯ ಪದ್ಧತಿ ಬಂದಾಗ ಒಂದಾಣೆಗೆ 6.25 ಪೈಸೆಯಾಯಿತು. ಕಾಲು ಪೈಸೆಯ ನಾಣ್ಯವಿಲ್ಲದ್ದರಿಂದ ಪರಿವರ್ತನಾ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ನಿಗದಿಯಾಯಿತು. ನಾಲ್ಕು ಒಂದಾಣೆಗಳನ್ನು ಬಿಡಿಬಿಡಿಯಾಗಿ ಬದಲಿಸಿದವನಿಗೆ 24, ಒಟ್ಟಿಗೆ ಬದಲಿಸಿದವನಿಗೆ 25. ನಮ್ಮ ತಂದೆಯವರು ಆ ಕಾಲದ ಅಂಗಡಿ ಬೀದಿಯ ಜಗಳಗಳನ್ನು ಬಹುಕಾಲ ನೆನೆಯುತ್ತಿದ್ದರು.

ತೆರಿಗೆ ಕಾನೂನುಗಳು ಈ ವಿಷಯದಲ್ಲಿ ಸ್ಪಷ್ಟವಾಗಿಯೇ ಇವೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೆಯ ಕಲಂ, ಪಾವತಿಸಬೇಕಾದ ತೆರಿಗೆಯನ್ನು ಸಮೀಪದ ರೂಪಾಯಿಗೆ ತರಬೇಕೆಂದೂ, ಐವತ್ತು ಪೈಸೆ ಅಥವಾ ಹೆಚ್ಚಿದ್ದರೆ ಏರಿಸಿ, ಕಡಿಮೆಯಿದ್ದರೆ ಬಿಡಬೇಕೆಂದೂ ಹೇಳುತ್ತದೆ. ಆದರೆ ಇಲಾಖೆಗಳ ಸಹಾಯಧನ, ಪ್ರೋತ್ಸಾಹಧನ, ಹಂಚಿಕೆಯ ಆದೇಶಗಳಲ್ಲಿ ಈ ಒಂದು ಸಾಲು ಇಲ್ಲದಿರುವುದನ್ನು ನನ್ನ ಸೇವಾವಧಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಎಷ್ಟು ಸ್ಥಾನಕ್ಕೆ, ಯಾವ ಹಂತದಲ್ಲಿ, ಅರ್ಧ ಬಂದರೆ ಯಾರ ಪರವಾಗಿ ಎಂಬುದನ್ನು ಆದೇಶ ಹೇಳದಿದ್ದಾಗ ಆ ತೀರ್ಮಾನ ಕಂಪ್ಯೂಟರಿನ ಮುಂದೆ ಕುಳಿತ ಗುತ್ತಿಗೆ ನೌಕರನ ಬೆರಳ ತುದಿಗೆ ಬೀಳುತ್ತದೆ. ಅವನನ್ನು ದೂರಿ ಫಲವಿಲ್ಲ.

ನಿವೃತ್ತನಾದ ಮೇಲೆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕವನ್ನು ಆಗಾಗ ನೋಡಿಕೊಡುತ್ತೇನೆ. ಕಳೆದ ವರ್ಷ, ಎರಡು ಹಸು ಕಟ್ಟಿಕೊಂಡಿರುವ ಹಿರಿಯ ಹೆಣ್ಣುಮಗಳೊಬ್ಬರು ವಾರದ ಹದಿನಾಲ್ಕು ಚೀಟಿಗಳನ್ನು ಹಿಡಿದು ಬಂದರು. ಲೀಟರಿಗೆ 34.68 ರೂಪಾಯಿಯಂತೆ ಹೊತ್ತಿಗೆ 3.3 ಲೀಟರ್, ಪ್ರತಿ ಚೀಟಿಯಲ್ಲಿ 114.44. ಮೊಮ್ಮಗ ಮೊಬೈಲಿನಲ್ಲಿ ಕೂಡಿದಾಗ 1,602.16 ಬಂದಿದೆ, ಬಟವಾಡೆ ಪುಸ್ತಕದಲ್ಲಿ 1,602.22. ಒಳಗೆ 114.444 ಇದ್ದುದರ ಫಲ. ಅವರಿಗೆ ಆರು ಪೈಸೆ ಹೆಚ್ಚೇ ಸಂದಿತ್ತು. 'ಆರು ಪೈಸೆ ನಂಗೇನೂ ಬ್ಯಾಡ ಸ್ವಾಮಿ. ಚೀಟಿ ಒಂದು ಹೇಳ್ತದೆ, ಪುಸ್ತಕ ಒಂದು ಹೇಳ್ತದೆ, ಯಾವುದನ್ನ ನಂಬಾನ?' ಎಂದರು. ಅವರ ನೆರೆಯವರು ಹೊತ್ತಿಗೆ 3.2 ಲೀಟರ್ ಹಾಕುವವರು. ಚೀಟಿಯಲ್ಲಿ 110.98, ಒಳಗೆ 110.976, ವಾರಕ್ಕೆ ಅವರಿಗೆ ಆರು ಪೈಸೆ ಕಡಿಮೆ ಹೋಗುತ್ತಿತ್ತು. ಅವರು ಎಂದೂ ಕೂಡಿ ನೋಡಿರಲಿಲ್ಲ.

ಹಂಚಿಕೆಯ ತಃಖ್ತೆಯಾಗಿದ್ದರೆ ಕೊನೆಯಲ್ಲಿ ಒಮ್ಮೆ ಮಾತ್ರ ರೌಂಡ್ ಮಾಡಿ, ಬಿಡಿ ಅಂಕಿಗಳ ಮೊತ್ತ ತಾಳೆಯಾಗದಿರಬಹುದೆಂದು ಕೆಳಗೆ ಟಿಪ್ಪಣಿ ಬರೆಯಿರೆನ್ನುತ್ತಿದ್ದೆ. ಆದರೆ ಚೀಟಿಯೆಂಬುದು ಸಂಘ ಸದಸ್ಯನಿಗೆ ಬರೆದುಕೊಟ್ಟ ಮಾತು. ಅದರಲ್ಲಿ ಬರೆದಷ್ಟೇ ಲೆಕ್ಕಕ್ಕೂ ಸೇರಬೇಕು. ಕಾರ್ಯದರ್ಶಿ ಪ್ರತಿ ಚೀಟಿಯ ಕೋಶಕ್ಕೂ ಎರಡು ಸ್ಥಾನದ ರೌಂಡ್ ಸೂತ್ರ ಹಾಕಿದರು, ಮೊತ್ತವನ್ನು ಆ ಕೋಶಗಳಿಂದಲೇ ಕೂಡುವಂತೆ ಮಾಡಿದರು. ಮುಂದಿನ ವಾರ ಮೊಮ್ಮಗನ ಮೊಬೈಲು, ಬಟವಾಡೆ ಪುಸ್ತಕ ಎರಡೂ ಒಂದೇ ಅಂಕಿ ತೋರಿಸಿದವು. ಅಜ್ಜಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ, ಹಣ ಎಣಿಸಿಕೊಂಡು ಹೋದರು.