ಬೈಸಾ ಲೆಕ್ಕವೂ ತಿಂಗಳ ಚಂದಾವೂ

ಎರಡು ವರ್ಷಗಳ ಹಿಂದಿನ ಮಾತು. ಮಾರ್ಚ್ ತಿಂಗಳ ಮೊದಲ ವಾರ. ಹತ್ತನೆಯ ತರಗತಿಯ ಗಣಿತ ಪರೀಕ್ಷೆಗೆ ಇನ್ನು ಐದಾರು ದಿನಗಳಿದ್ದವು. ನಮ್ಮ ಕನ್ನಡ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಾಯಿ ರಾತ್ರಿ ಒಂಬತ್ತು ಗಂಟೆಗೆ ಫೋನ್ ಮಾಡಿದರು. “ಮೇಡಂ, ಮಗಳು ವರ್ಷವಿಡೀ ಲೆಕ್ಕ ಬಿಡಿಸುತ್ತಿದ್ದ ಆ್ಯಪ್ ಇವತ್ತು ತೆರೆಯುತ್ತಲೇ ಇಲ್ಲ. ತಪ್ಪಿದ ಲೆಕ್ಕಗಳನ್ನೆಲ್ಲ ಗುರುತು ಹಾಕಿ ಅದರೊಳಗೇ ಇಟ್ಟಿದ್ದಾಳೆ. ಅಳುತ್ತಾ ಕೂತಿದ್ದಾಳೆ. ಏಪ್ರಿಲಿನಲ್ಲೇ ಇಡೀ ವರ್ಷದ ದುಡ್ಡನ್ನು ಕಾರ್ಡಿಗೆ ತುಂಬಿಸಿದ್ದೆವಲ್ಲ!” ಎಂದರು. ತಂದೆ ಸೊಹಾರ್‌ನಲ್ಲಿ ಡ್ಯೂಟಿಯಲ್ಲಿದ್ದರು. ಒಟಿಪಿ ಬರುವ ಫೋನೂ ಅವರ ಜೇಬಿನಲ್ಲೇ ಇತ್ತು.

ನಾವು ಕನ್ನಡ ಕಲಿಸುವವರು. ಕಾರ್ಡು, ಆ್ಯಪ್ ನಮ್ಮ ವಿಷಯವಲ್ಲ. ಆದರೂ ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಗಣಿತದ ಸಹೋದ್ಯೋಗಿಯ ಜೊತೆ ಕುಳಿತು ಹಾಳೆಯ ಮೇಲೆ ಲೆಕ್ಕ ಹಾಕಿ ನೋಡಿದೆವು. ಯಾರೂ ದುಡ್ಡು ಕದ್ದಿರಲಿಲ್ಲ. ಲೆಕ್ಕವೇ ತಪ್ಪಿತ್ತು. ಮಸ್ಕತ್ತಿನ ಅನೇಕ ಮನೆಗಳಲ್ಲಿ ಇದೇ ತಪ್ಪು ನಡೆಯುತ್ತಿರುವುದರಿಂದ ಈ ಸಂಚಿಕೆಯಲ್ಲಿ ಅದನ್ನು ಬಿಡಿಸಿ ಹೇಳಬೇಕೆನಿಸಿತು.

ಮೊದಲು ಕಾರ್ಡಿನ ವಿಷಯ. ಪ್ರೀಪೇಯ್ಡ್ ವರ್ಚುವಲ್ ಕಾರ್ಡ್ ಎಂದರೆ ಕೈಗೆ ಸಿಗದ ಕಾರ್ಡು. ಪ್ಲಾಸ್ಟಿಕ್ ಇಲ್ಲ, ಫೋನಿನ ಪರದೆಯ ಮೇಲೆ 16 ಅಂಕಿಗಳು, ಮುಗಿಯುವ ತಿಂಗಳು-ವರ್ಷ, ಮೂರು ಅಂಕಿಯ ಗುಟ್ಟಿನ ಸಂಖ್ಯೆ, ಇಷ್ಟೇ. ಎಷ್ಟು ತುಂಬಿಸಿದ್ದೀರೋ ಅಷ್ಟೇ ಖರ್ಚು ಮಾಡಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಯಂತ್ರವೇ ನಮ್ಮ ಪರವಾಗಿ ಪಾಲಿಸುತ್ತದೆ ಎನ್ನಬಹುದು. ಸಂಬಳದ ಖಾತೆಯ ಕಾರ್ಡನ್ನು ಮಕ್ಕಳ ಕೈಗೆ ಕೊಡಲು ಹೆದರುವ ತಂದೆತಾಯಿಯರು ಇದನ್ನು ಇಷ್ಟಪಡುವುದು ಸಹಜವೇ. ಸಂಖ್ಯೆ ಕಳ್ಳರ ಕೈ ಸೇರಿದರೂ ನಷ್ಟ ಅದರಲ್ಲಿದ್ದಷ್ಟೇ.

ಇನ್ನು ಆ ತಾಯಿ ಹಾಕಿದ ಲೆಕ್ಕ. ಆ್ಯಪಿನ ತಿಂಗಳ ಚಂದಾ 9.99 ಅಮೆರಿಕನ್ ಡಾಲರ್. ಒಮಾನಿ ರಿಯಾಲ್ 1986ರಿಂದಲೂ ಡಾಲರಿಗೆ ಕಟ್ಟಿಹಾಕಿದ ನಾಣ್ಯ. ಒಂದು ರಿಯಾಲಿಗೆ 2.6008 ಡಾಲರ್. ಹಾಗಾಗಿ 9.99 ಡಾಲರ್ ಎಂದರೆ 3 ರಿಯಾಲ್ 841 ಬೈಸಾ. ಹನ್ನೆರಡರಿಂದ ಗುಣಿಸಿದರೆ 46 ರಿಯಾಲ್ 92 ಬೈಸಾ. ಅವರು ಸುಮಾರು ಅರ್ಧ ರಿಯಾಲ್ ಜಾಸ್ತಿಯೇ ಸೇರಿಸಿ 46 ರಿಯಾಲ್ 500 ಬೈಸಾ ತುಂಬಿಸಿದ್ದರು. ರಿಯಾಲ್ ಡಾಲರಿನ ಎದುರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಗಿದ್ದ ಮೇಲೆ ಭಯವೇಕೆ ಎಂದುಕೊಂಡರು.

ಅವರು ಎರಡು ಸಂಗತಿ ಬಿಟ್ಟಿದ್ದರು. ಒಮಾನಿನಲ್ಲಿ 2021ರ ಏಪ್ರಿಲ್ 16ರಿಂದ 5 ಶೇಕಡಾ ಮೌಲ್ಯವರ್ಧಿತ ತೆರಿಗೆ ಇದೆ. ಅಂಗಡಿಯಲ್ಲಿ ಅಂಟಿಸಿದ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆಂದು ನಮಗೆ ಅಭ್ಯಾಸ. ಆದರೆ ಪರದೇಶದ ಸೇವೆ ತೋರಿಸುವ ಬೆಲೆ ಎಷ್ಟೋ ಸಲ ತೆರಿಗೆಯ ಮೊದಲಿನದು. ಕೊನೆಯ ಪುಟದಲ್ಲಿ ಮಾತ್ರ ಅದು ಸೇರಿಕೊಳ್ಳುತ್ತದೆ. ಎರಡನೆಯದು ಪರದೇಶದ ಹಣದಲ್ಲಿ ಪಾವತಿ ಮಾಡಿದ್ದಕ್ಕೆ ಕಾರ್ಡು ಕೊಟ್ಟವರು ತೆಗೆದುಕೊಳ್ಳುವ ಶುಲ್ಕ. ವಿನಿಮಯ ದರ ಅಲುಗಾಡದಿದ್ದರೂ ಈ ಶುಲ್ಕ ಬಿಡುವುದಿಲ್ಲ. ಇವರ ಕಾರ್ಡಿನಲ್ಲಿ ಅದು 3 ಶೇಕಡಾ ಇತ್ತು. ಈಗ ಮತ್ತೆ ಲೆಕ್ಕ ಮಾಡಿ. 3.841ಕ್ಕೆ ತೆರಿಗೆ ಸೇರಿದರೆ 4.033. ಅದರ ಮೇಲೆ 3 ಶೇಕಡಾ ಶುಲ್ಕ ಸೇರಿದರೆ 4.154. ಹನ್ನೊಂದು ತಿಂಗಳಿಗೆ 45 ರಿಯಾಲ್ 694 ಬೈಸಾ. ಕಾರ್ಡಿನಲ್ಲಿ ಉಳಿದದ್ದು 806 ಬೈಸಾ. ಏಪ್ರಿಲ್ 4ಕ್ಕೆ ಶುರುವಾದ ಚಂದಾದ ಹನ್ನೆರಡನೆಯ ಕಂತು ಮಾರ್ಚ್ 4ಕ್ಕೆ ಬಂತು, ಕಾರ್ಡು ಇಲ್ಲವೆಂದಿತು. ನಮ್ಮ ಶಾಲಾ ವರ್ಷ ಏಪ್ರಿಲಿನಲ್ಲಿ ಹುಟ್ಟಿ ಮಾರ್ಚಿನಲ್ಲಿ ಮುಗಿಯುವುದರಿಂದ, ಇಂಥ ಸಣ್ಣ ಸಣ್ಣ ಕೊರತೆಗಳೆಲ್ಲ ಒಟ್ಟುಗೂಡಿ ಸರಿಯಾಗಿ ಪರೀಕ್ಷೆಯ ಬಾಗಿಲಲ್ಲಿ ಬಂದು ನಿಲ್ಲುತ್ತವೆ. ತಿಂಗಳಿಗೆ ಬರೀ 313 ಬೈಸಾ ವ್ಯತ್ಯಾಸ, ಒಂದು ಕಡಕ್ ಚಹಾಕ್ಕೆ ಕೊಡುವಷ್ಟು ದುಡ್ಡು!

ಬೈಸಾ ಎಂದಾಗ ಒಂದು ಮಾತು. ಭಾಷಾ ಶಿಕ್ಷಕರಾದ ನಮಗೆ ಈ ಶಬ್ದದ ಮೇಲೆ ಪ್ರೀತಿ. ಅದು ನಮ್ಮ ಪೈಸೆಯೇ. ಅರಬ್ಬಿಯಲ್ಲಿ ‘ಪ’ಕಾರವಿಲ್ಲದ್ದರಿಂದ ‘ಬ’ ಆಯಿತು. ಒಮಾನಿನಲ್ಲಿ 1970ರವರೆಗೆ ಗಲ್ಫ್ ರೂಪಾಯಿ ಎಂಬ ನೋಟು ಚಲಾವಣೆಯಲ್ಲಿತ್ತು. ಇದನ್ನು 1959ರಲ್ಲಿ ಹೊರತಂದದ್ದು ಭಾರತದ ರಿಸರ್ವ್ ಬ್ಯಾಂಕು. ಅಲ್ಲಿಯವರೆಗೆ ಭಾರತದ ಮಾಮೂಲಿ ರೂಪಾಯಿಯೇ ಇಲ್ಲಿ ನಡೆಯುತ್ತಿತ್ತು. ಚಿನ್ನದ ಕಳ್ಳಸಾಗಣೆಯಿಂದ ಭಾರತದ ವಿದೇಶಿ ವಿನಿಮಯ ಸೋರುತ್ತಿದ್ದುದನ್ನು ತಡೆಯಲು ಬೇರೆ ಬಣ್ಣದ ನೋಟು ಅಚ್ಚು ಹಾಕಿದರು. ಬೆಲೆ ಭಾರತದ ರೂಪಾಯಿಯಷ್ಟೇ, ಆದರೆ ಭಾರತದ ಅಂಗಡಿಯಲ್ಲಿ ನಡೆಯುವಂತಿಲ್ಲ. ನಮ್ಮ ಮಕ್ಕಳ ಫೋನಿನಲ್ಲಿರುವ ಗಿಫ್ಟ್ ಕಾರ್ಡಿನ ಹಣವೂ ಹೀಗೆಯೇ. ಬೆಂಗಳೂರಿನಲ್ಲಿ ಮಾವ ಕೊಡಿಸಿದ ಆ್ಯಪಲ್ ಗಿಫ್ಟ್ ಕಾರ್ಡ್ ಭಾರತದ ಅಂಗಡಿಗೆ ಮಾತ್ರ. ಒಮಾನಿನ ಖಾತೆಯಲ್ಲಿ ಅದರ ಸಂಖ್ಯೆ ಒತ್ತಿದರೆ ಒಪ್ಪುವುದಿಲ್ಲ.

ಒಂದೇ ಹಾಡು, ಒಂದೇ ಸಿನಿಮಾ, ಒಂದೇ ಪಾಠ. ಆದರೂ ದೇಶಕ್ಕೊಂದು ಬೆಲೆ ಏಕೆ ಎಂದು ಮಕ್ಕಳು ಕೇಳುತ್ತಾರೆ. ಡಿಜಿಟಲ್ ವಸ್ತುವಿನ ಮೊದಲ ಪ್ರತಿ ತಯಾರಿಸಲು ಕೋಟಿಗಟ್ಟಲೆ ಬೇಕಾದೀತು. ಎರಡನೆಯ ಪ್ರತಿಗೆ ಹೆಚ್ಚುಕಡಿಮೆ ಏನೂ ಖರ್ಚಿಲ್ಲ. ಹಾಗಾಗಿ ಕೊಳ್ಳುವವರ ಶಕ್ತಿ ನೋಡಿ ಬೆಲೆ ಕಟ್ಟುವುದು ವ್ಯಾಪಾರಿಗೆ ಲಾಭ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ ಭಾರತದ ಬೇಸಿಕ್ ಚಂದಾವನ್ನು ತಿಂಗಳಿಗೆ 499 ರೂಪಾಯಿಯಿಂದ 199ಕ್ಕೆ ಇಳಿಸಿದ್ದು ಹೀಗೆಯೇ. ಬೇರೆ ದೇಶದವರಿಗೆ ಆ ಬೆಲೆ ಸಿಗಲಿಲ್ಲ.

ಇದು ಇಂಟರ್ನೆಟ್ ತಂದ ಹೊಸ ಉಪಾಯವೇನಲ್ಲ. ಭಾರತದಲ್ಲಿ ಓದಿದವರ ಮನೆಯ ಕಪಾಟಿನಲ್ಲಿ, ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ ಎಂದು ರಕ್ಷಾಪುಟದ ಮೇಲೆ ಅಚ್ಚಾದ ತೆಳು ಕಾಗದದ ಇಂಜಿನಿಯರಿಂಗ್ ಪುಸ್ತಕ ಒಂದಾದರೂ ಇರುತ್ತದೆ. ಥಾಯ್ಲೆಂಡಿನ ಒಬ್ಬ ವಿದ್ಯಾರ್ಥಿ ತನ್ನ ದೇಶದಲ್ಲಿ ಅಗ್ಗಕ್ಕೆ ಸಿಗುವ ಇಂಥ ಪುಸ್ತಕಗಳನ್ನು ಅಮೆರಿಕಕ್ಕೆ ತರಿಸಿ ಮಾರಿದ. ಪ್ರಕಾಶಕರು ಮೊಕದ್ದಮೆ ಹೂಡಿದರು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವಿದ್ಯಾರ್ಥಿಯ ಪರವಾಗಿಯೇ ತೀರ್ಪು ಕೊಟ್ಟಿತು. ಕೊಂಡ ಪುಸ್ತಕ ಕೊಂಡವನದು ಎಂಬುದು ಅದರ ಸಾರ. ಆದರೆ ಚಂದಾ ಪುಸ್ತಕವಲ್ಲ. ಅಲ್ಲಿ ನಾವು ಏನನ್ನೂ ಕೊಳ್ಳುವುದಿಲ್ಲ. ತಿಂಗಳ ಬಾಡಿಗೆಗೆ ಇರುತ್ತೇವೆ, ಮನೆ ಮಾಲೀಕರ ಷರತ್ತಿಗೆ ಒಳಪಟ್ಟು.

ನಾವಿರುವ ದೇಶ ಯಾವುದೆಂದು ಅವರಿಗೆ ಹೇಗೆ ಗೊತ್ತಾಗುತ್ತದೆ? ಇಂಟರ್ನೆಟ್ ಸಂಪರ್ಕ ಎಲ್ಲಿಂದ ಬರುತ್ತಿದೆ ಎಂಬುದು ಒಂದು ಗುರುತು. ಇನ್ನೊಂದು ಕಾರ್ಡಿನ ಸಂಖ್ಯೆಯೇ. ಅದರ ಮೊದಲ ಆರು ಅಥವಾ ಎಂಟು ಅಂಕಿಗಳು ಯಾವ ಬ್ಯಾಂಕು, ಯಾವ ದೇಶ ಎಂಬುದನ್ನು ಹೇಳಿಬಿಡುತ್ತವೆ. ವರ್ಚುವಲ್ ಕಾರ್ಡಿಗೂ ಇದೇ ನಿಯಮ. ಮಸ್ಕತ್ತಿನ ಕಾರ್ಡು ಭಾರತದ ಬೆಲೆಗೆ ಕೈಚಾಚಿದರೆ ಅನೇಕ ಸೇವೆಗಳು ಒಪ್ಪದಿರುವುದು ಇದರಿಂದಲೇ.

“ಮಿಸ್, ವಿಪಿಎನ್ ಹಾಕಿ ಟರ್ಕಿ ಅಂತ ತೋರಿಸಿದರೆ ಅಗ್ಗ” ಎಂದು ಒಂಬತ್ತನೆಯ ತರಗತಿಯ ಹುಡುಗರು ಜಾಣತನ ತೋರಿಸುತ್ತಾರೆ. ನಮಗೆ ಇದು ಸರಿ ಕಾಣುವುದಿಲ್ಲ, ಲಾಭವೂ ಕಾಣುವುದಿಲ್ಲ. ಯೂಟ್ಯೂಬ್ 2024ರ ಜೂನ್‌ನಲ್ಲಿ, ಬೇರೆ ದೇಶದವರೆಂದು ತೋರಿಸಿ ಪಡೆದ ಪ್ರೀಮಿಯಂ ಚಂದಾಗಳನ್ನು ರದ್ದು ಮಾಡತೊಡಗಿತು. ಆಟಗಳನ್ನು ಮಾರುವ ಸ್ಟೀಮ್ 2023ರ ನವೆಂಬರ್ 20ರಿಂದ ಟರ್ಕಿಯ ಲಿರಾ, ಅರ್ಜೆಂಟೀನಾದ ಪೆಸೊ ಎರಡನ್ನೂ ಕೈಬಿಟ್ಟು ಡಾಲರಿನಲ್ಲಿ ಬೆಲೆ ಹಾಕಿತು. ನಾಣ್ಯದ ಏರಿಳಿತವೇ ಕಾರಣವೆಂದು ಕಂಪನಿ ಹೇಳಿತು. ಕಾರಣ ಏನೇ ಇರಲಿ, ಹೊರಗಿನವರು ಅಲ್ಲಿ ಹಾಕಿಟ್ಟ ಲೆಕ್ಕ ಒಂದೇ ದಿನದಲ್ಲಿ ಬುಡಮೇಲಾಯಿತು. ಸುಳ್ಳು ವಿಳಾಸದ ಮೇಲೆ ಕಟ್ಟಿದ ಬಜೆಟ್ಟಿಗೆ ದೂರು ಕೊಡುವ ಜಾಗವೂ ಇರುವುದಿಲ್ಲ.

ಹಾಗೆಂದು ಊರಿನ ಬೆಲೆ ನಮಗೆ ಪೂರ್ತಿ ನಿಷಿದ್ಧ ಎಂದಲ್ಲ. ಊರಿನಲ್ಲಿರುವ ಅಜ್ಜ ಅಜ್ಜಿ ತಮ್ಮ ಮನೆಯಲ್ಲಿ ನೋಡುವ ಕನ್ನಡ ಸಿನಿಮಾದ ಚಂದಾಕ್ಕೆ ಇಲ್ಲಿಂದ ನಾವು ಹಣ ಕೊಡಬಹುದು, ಅದು ನ್ಯಾಯವಾದ ಊರಿನ ಬೆಲೆ. 2023ರ ಜನವರಿಯಲ್ಲಿ ಒಮಾನ್ ಸೇರಿ 10 ದೇಶಗಳ ಮೊಬೈಲ್ ಸಂಖ್ಯೆಯಿಂದ ಎನ್‌ಆರ್‌ಇ, ಎನ್‌ಆರ್‌ಒ ಖಾತೆಯ ಮೂಲಕ ಯುಪಿಐ ಬಳಸಲು ಅನುಮತಿ ಬಂತು. ಇಲ್ಲಿಗೆ ಬಂದ ಮೇಲೂ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ಇಟ್ಟುಕೊಂಡವರು ಮೊದಲು ಅದನ್ನು ಎನ್‌ಆರ್‌ಒ ಮಾಡಿಸಬೇಕು. ಅದು ಬೇರೆಯದೇ ವಿಷಯ. ಇನ್ನೊಂದು ಎಚ್ಚರಿಕೆ: 2021ರ ಅಕ್ಟೋಬರ್ 1ರಿಂದ ಭಾರತದ ಕಾರ್ಡುಗಳಲ್ಲಿ ತಿಂಗಳ ಚಂದಾ ಕಡಿತವಾಗುವ 24 ಗಂಟೆ ಮೊದಲು ಬ್ಯಾಂಕು ಸಂದೇಶ ಕಳುಹಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ಒಳ್ಳೆಯ ನಿಯಮ. ಆದರೆ ಆ ಸಂದೇಶ ಹೋಗುವುದು ಉಡುಪಿಯ ಮನೆಯ ಮೇಜಿನ ಖಾನೆಯಲ್ಲಿ ಚಾರ್ಜ್ ಇಲ್ಲದೆ ಮಲಗಿರುವ ಹಳೆಯ ಫೋನಿಗೆ!

ಈಗ ಮನೆಯಲ್ಲಿ ಲೆಕ್ಕ ಇಡುವ ಬಗೆ. ನಾವು ಒಂದು ನೋಟ್ ಪುಸ್ತಕ ಇಟ್ಟಿದ್ದೇವೆ. ಮೊದಲ ಸಲ ಹಣ ಕಡಿತವಾದಾಗ ಕಾರ್ಡಿನ ವಿವರದಲ್ಲಿ ಬಂದ ಮೊತ್ತವನ್ನೇ ಬರೆಯುತ್ತೇವೆ, ಜಾಹೀರಾತಿನಲ್ಲಿ ಕಂಡದ್ದನ್ನಲ್ಲ. ಅದೂ ಬೈಸಾದಲ್ಲಿ. ರೂಪಾಯಿಗೆ ನೂರು ಪೈಸೆ ಕಲಿತ ಕೈಗೆ ಸಾವಿರ ಬೈಸಾದ ದಶಾಂಶ ಸುಲಭವಾಗಿ ಜಾರುತ್ತದೆ. ನಾಲ್ಕೂವರೆ ರಿಯಾಲನ್ನು 4.050 ಎಂದು ಬರೆದ ಮಕ್ಕಳನ್ನು ನೋಡಿದ್ದೇವೆ. 4154 ಬೈಸಾ ಎಂದು ಬರೆದರೆ ಗೊಂದಲವಿಲ್ಲ. ಎದುರಿಗೆ ಕಡಿತದ ತಾರೀಖು.

ತಾರೀಖು ಬಹಳ ಮುಖ್ಯ. ಒಂದೇ ಕಾರ್ಡಿನಲ್ಲಿ ಮೂರು ಚಂದಾ ಇದ್ದರೆ ಯಾವುದು ಮೊದಲು ಬರುತ್ತದೋ ಅದು ಹಣ ಎತ್ತಿಕೊಳ್ಳುತ್ತದೆ. 2ನೇ ತಾರೀಖಿಗೆ ಹಾಡಿನ ಚಂದಾ, 4ಕ್ಕೆ ಪಾಠದ ಚಂದಾ ಇದ್ದು, ಬಾಕಿ ಒಂದಕ್ಕೆ ಮಾತ್ರ ಸಾಲುವಂತಿದ್ದರೆ ಹಾಡು ಉಳಿಯುತ್ತದೆ, ಪಾಠ ನಿಲ್ಲುತ್ತದೆ. ಮನೆಯವರು ಖಂಡಿತ ಹಾಗೆ ಬಯಸಿರಲಿಲ್ಲ. ಆದ್ದರಿಂದ ಪಾಠಕ್ಕೇ ಬೇರೆ ಕಾರ್ಡು ಇಡುವುದು ಒಳ್ಳೆಯದು. ವರ್ಚುವಲ್ ಕಾರ್ಡಿನಲ್ಲಿ ಇದು ಸುಲಭವೂ ಹೌದು. ಹೊಸದಾಗಿ ಕಾರ್ಡು ಸೇರಿಸಿದಾಗ ಕೆಲವು ಸೇವೆಗಳು ಪರೀಕ್ಷೆಗೆಂದು ಸಣ್ಣ ಮೊತ್ತವನ್ನು ಕೆಲವು ದಿನ ಹಿಡಿದಿಡುತ್ತವೆ. ಅದು ವಾಪಸು ಬರುವವರೆಗೆ ಬಾಕಿ ಅಷ್ಟು ಕಡಿಮೆಯೇ. ಇದಕ್ಕೆಲ್ಲ ಸೇರಿ, ಅತಿ ದೊಡ್ಡ ಚಂದಾದ ಒಂದು ಕಂತಿನಷ್ಟು ಹಣವನ್ನು ಸದಾ ಹೆಚ್ಚಿಗೆ ಇಡುತ್ತೇವೆ. ಅದಕ್ಕಿಂತ ಹೆಚ್ಚು ತುಂಬಿಸಿಡುವುದೂ ಬೇಡ. ಬಹಳ ದಿನ ಬಳಸದ ಕಾರ್ಡಿನಿಂದ ಶುಲ್ಕ ಕಡಿಯುವವರೂ ಇದ್ದಾರೆ; ಕಾರ್ಡಿನ ಅವಧಿ ಮುಗಿದ ಮೇಲೆ ಉಳಿದ ಹಣ ಪಡೆಯಲು ಓಡಾಡಬೇಕಾಗುತ್ತದೆ. ಕಾರ್ಡು ತೆಗೆದುಕೊಳ್ಳುವ ದಿನವೇ ಶುಲ್ಕದ ಪಟ್ಟಿ ಓದಿಬಿಡಿ.

ಕೆಲವರು ಕಾರ್ಡು ಖಾಲಿ ಮಾಡಿದರೆ ಚಂದಾ ತಾನಾಗಿ ನಿಲ್ಲುತ್ತದೆಂದು ನಂಬಿದ್ದಾರೆ. ಇದು ಅರ್ಧ ಸತ್ಯ. ಸೇವೆ ಮತ್ತೆ ಮತ್ತೆ ಹಣ ಕೇಳುತ್ತಲೇ ಇರುತ್ತದೆ. ಬೇರೆ ಕೆಲಸಕ್ಕೆಂದು ನೀವು ದುಡ್ಡು ತುಂಬಿಸಿದ ದಿನ ಮೊದಲು ಅದೇ ಎತ್ತಿಕೊಂಡೀತು. ಬೇಡವಾದರೆ ಆ್ಯಪಿನೊಳಗೆ ಹೋಗಿ ರದ್ದು ಮಾಡಲೇಬೇಕು. ಫೋನಿನಿಂದ ಆ್ಯಪ್ ಅಳಿಸಿದರೂ ಚಂದಾ ರದ್ದಾಗುವುದಿಲ್ಲ. ಉಚಿತ ಪ್ರಯೋಗದ ಕೊನೆಯ ದಿನವನ್ನೂ ಇದೇ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ.

ನಮ್ಮದೇ ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇವೆ. ಒಂದು ಸೇವೆ ಪಾವತಿಯ ಸಮಯದಲ್ಲಿ, ಡಾಲರಿನಲ್ಲೋ ರಿಯಾಲಿನಲ್ಲೋ ಎಂದು ಕೇಳಿತು. ನಮ್ಮ ನಾಣ್ಯವಲ್ಲವೇ ಎಂದು ಖುಷಿಯಿಂದ ರಿಯಾಲ್ ಒತ್ತಿದೆವು. ಅವರ ವಿನಿಮಯ ದರ ಬ್ಯಾಂಕಿನ ದರಕ್ಕಿಂತ ದುಬಾರಿಯಾಗಿತ್ತು. ಸಾಲದ್ದಕ್ಕೆ, ಹಣ ಹೊರದೇಶಕ್ಕೆ ಹೋಯಿತೆಂದು ಕಾರ್ಡಿನವರೂ ಶುಲ್ಕ ಹಾಕಿದರು. ಆಮೇಲೆ ಡಾಲರನ್ನೇ ಆರಿಸುತ್ತಿದ್ದೇವೆ.

ಆ ಹುಡುಗಿಯ ತಂದೆ ಮರುದಿನ ಸಂಜೆ ಸೊಹಾರ್‌ನಿಂದಲೇ ಐದು ರಿಯಾಲ್ ತುಂಬಿಸಿದರು. ಆ್ಯಪ್ ತೆರೆಯಿತು, ಗುರುತು ಹಾಕಿದ ಲೆಕ್ಕಗಳು ಇದ್ದ ಹಾಗೇ ಇದ್ದವು. ಈಗ ಆ ಮನೆಯಲ್ಲಿ ಬೈಸಾ ಪುಸ್ತಕ ಬರೆಯುವ ಜವಾಬ್ದಾರಿ ಅವಳದೇ.

ಕೊನೆಯದಾಗಿ, ಗಂಟುಮೂಟೆ ಕಟ್ಟಿ ಊರಿಗೆ ಹಿಂತಿರುಗುವ ಕುಟುಂಬಗಳಿಗೆ. ಪ್ರತಿ ಮಾರ್ಚಿನಲ್ಲೂ ಟಿಸಿ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಆ್ಯಪಲ್ ಖಾತೆಯ ದೇಶ ಬದಲಿಸಬೇಕಾದರೆ ಅದರಲ್ಲಿರುವ ಬಾಕಿ ಹಣ ಮೊದಲು ಖರ್ಚಾಗಿರಬೇಕು, ಚಂದಾಗಳೂ ರದ್ದಾಗಿರಬೇಕು. ಗೂಗಲ್ ಪ್ಲೇಯಲ್ಲಿ ದೇಶವನ್ನು ವರ್ಷಕ್ಕೊಮ್ಮೆ ಮಾತ್ರ ಬದಲಿಸಬಹುದು. ಹಳೆಯ ದೇಶದ ಬಾಕಿ ಹೊಸ ದೇಶಕ್ಕೆ ಬರುವುದಿಲ್ಲ. ಆದ್ದರಿಂದ ಟಿಕೆಟ್ ಬುಕ್ ಮಾಡಿದ ವಾರದಿಂದಲೇ ಹೊಸದಾಗಿ ತುಂಬಿಸುವುದನ್ನು ನಿಲ್ಲಿಸಿ, ಇದ್ದದ್ದನ್ನು ಕಂತುಗಳಿಗೆ ಕರಗಲು ಬಿಡಿ. ಪ್ರೀಪೇಯ್ಡ್ ಕಾರ್ಡಿನಲ್ಲಿ ಉಳಿದದ್ದನ್ನು, ಇಲ್ಲಿನ ಮೊಬೈಲ್ ಸಿಮ್ ವಾಪಸು ಮಾಡುವ ಮೊದಲೇ ಬ್ಯಾಂಕ್ ಖಾತೆಗೆ ಹಿಂತೆಗೆದುಕೊಳ್ಳಿ. ಸಿಮ್ ಹೋದರೆ ಒಟಿಪಿ ಬರುವುದಿಲ್ಲ.