ಹಳೆಯ ಮೋಟಾರು ಸೈಕಲ್ಲುಗಳ ಸಂಗ್ರಹ ಬೆಲೆ

ಹಳೆಯ ಮೋಟಾರು ಸೈಕಲ್ಲುಗಳ ಸಂಗ್ರಹ ಬೆಲೆ ಎಂದರೆ ತಯಾರಿಕೆ ನಿಂತುಹೋದ ದ್ವಿಚಕ್ರ ವಾಹನವೊಂದಕ್ಕೆ ಅದರ ಉಪಯುಕ್ತತೆಯನ್ನು ಮೀರಿ ಸಂಗ್ರಾಹಕರು ಕೊಡಲು ಸಿದ್ಧರಾಗುವ ಬೆಲೆ. ಕರ್ನಾಟಕದಲ್ಲಿ ಈ ವಿಷಯ ಮುಖ್ಯವಾಗಿ ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ, ಹರಿಯಾಣದ ಫರೀದಾಬಾದಿನಲ್ಲಿ ತಯಾರಾದ ರಾಜದೂತ್ 350, ಹಾಗೂ ಯಮಹಾ ಆರ್‌ಎಕ್ಸ್ 100 ವಾಹನಗಳಿಗೆ ಸಂಬಂಧಿಸಿದೆ. ಒಂದು ಕಾಲಕ್ಕೆ ಗುಜರಿಯ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತಿದ್ದ ಈ ಗಾಡಿಗಳಲ್ಲಿ ಸುಸ್ಥಿತಿಯಲ್ಲಿರುವವು ಇಂದು ಲಕ್ಷ ರೂಪಾಯಿ ದಾಟುವುದುಂಟು. ಇವುಗಳಿಗಿಂತ ವೇಗವಾದ, ಸುರಕ್ಷಿತವಾದ ಹೊಸ ವಾಹನಗಳು ಮಾತ್ರ ಮಳಿಗೆಯಿಂದ ಹೊರಬಂದ ದಿನದಿಂದಲೇ ಬೆಲೆ ಕಳೆದುಕೊಳ್ಳುತ್ತವೆ.

ಹಿನ್ನೆಲೆ

ಜಾವಾ ಮೂಲತಃ ಚೆಕೊಸ್ಲೊವಾಕಿಯಾದ ಸಂಸ್ಥೆ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡುಕೊಂಡನು. ಎರಡೂ ಹೆಸರುಗಳ ಮೊದಲ ಅಕ್ಷರಗಳು ಸೇರಿ ‘ಜಾವಾ’ ಆಯಿತು. ಭಾರತದಲ್ಲಿ ಈ ವಾಹನಗಳನ್ನು ತಯಾರಿಸಲು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು ಐಡಿಯಲ್ ಜಾವಾ ಕಂಪನಿಯನ್ನು ಕಟ್ಟಿದರು. ಮೈಸೂರಿನ ಯಾದವಗಿರಿಯಲ್ಲಿದ್ದ ಕಾರ್ಖಾನೆಯು 1961ರಲ್ಲಿ ಆರಂಭವಾಯಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು.

1973ರ ಹೊತ್ತಿಗೆ ವಾಹನದ ಹೆಸರು ‘ಯೆಜ್ಡಿ’ ಎಂದು ಬದಲಾಯಿತು. ಪಾರಸಿಗಳ ಮೂಲನೆಲೆಗಳಲ್ಲೊಂದಾದ ಇರಾನಿನ ಯಜ್ದ್ ನಗರದಿಂದ ಈ ಹೆಸರು ಬಂದಿತೆಂಬುದು ಪ್ರಚಲಿತ ವಿವರಣೆ. 1978ರಿಂದ ಬಂದ ‘ರೋಡ್‌ಕಿಂಗ್’ ಮಾದರಿಯು ಅತ್ಯಂತ ಜನಪ್ರಿಯವಾಯಿತು. ಸುಮಾರು 250 ಸಿಸಿಯ ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್, 16 ಅಶ್ವಶಕ್ತಿ, ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ, ಕಿಕ್ ಹೊಡೆಯುವ ಸನ್ನೆಯೇ ಮಡಚಿದರೆ ಗೇರು ಬದಲಿಸುವ ಸನ್ನೆಯಾಗುವ ಏರ್ಪಾಡು ಇದರ ಗುರುತುಗಳು. ಈ ಕೊನೆಯ ಏರ್ಪಾಡನ್ನು ಮೊದಲ ಸಲ ನೋಡಿದವರು ಗಾಡಿ ಚಾಲೂ ಮಾಡಲಾಗದೆ ಪೇಚಾಡುವುದು ಇಂದಿಗೂ ಉಂಟು.

1980ರ ದಶಕದ ಮಧ್ಯದಲ್ಲಿ ಜಪಾನಿ ಸಹಭಾಗಿತ್ವದ 100 ಸಿಸಿ ವಾಹನಗಳು ಮಾರುಕಟ್ಟೆಗೆ ಬಂದವು. 1985ರ ಹೀರೋ ಹೊಂಡಾ ಸಿಡಿ 100 ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುತ್ತಿತ್ತು. ಅದೇ ವರ್ಷದ ಕೊನೆಯಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಹಗುರವಾಗಿದ್ದು 11 ಅಶ್ವಶಕ್ತಿಯಿಂದಲೇ ಚುರುಕಾಗಿ ಓಡಿತು. ಪೆಟ್ರೋಲಿನೊಂದಿಗೆ ಎಣ್ಣೆ ಬೆರೆಸಿ ಉರಿಸುವ, ಹೊಗೆ ಹೆಚ್ಚು ಬಿಡುವ ಯೆಜ್ಡಿಯು ಈ ಪೈಪೋಟಿಯನ್ನೂ 1990ರ ದಶಕದ ಹೊಗೆ ನಿಯಮಗಳನ್ನೂ ತಾಳಲಿಲ್ಲ. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. 2001ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಕಂಪನಿಯ ಸಮಾಪನಕ್ಕೆ ಆದೇಶಿಸಿತು. ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದೂ 1996ರಲ್ಲಿಯೇ.

ಬೆಲೆ ಏರಲು ಕಾರಣಗಳು

ವಾಹನದ ಬೆಲೆಯ ರೇಖೆಯು ಸಾಮಾನ್ಯವಾಗಿ ಬಾವಿಯ ಆಕಾರದಲ್ಲಿರುತ್ತದೆ. ಹೊಸದಿದ್ದಾಗ ಮೇಲಿದ್ದು, ಹತ್ತು ಹದಿನೈದು ವರ್ಷಗಳಲ್ಲಿ ತಳ ಕಂಡು, ಉಳಿದುಕೊಂಡರೆ ಮತ್ತೆ ಮೇಲೇರುತ್ತದೆ. ತಳದಲ್ಲಿರುವಾಗ ಮಾಲೀಕರು ಅದನ್ನು ಹೊರೆಯೆಂದು ತಿಳಿದು ಗುಜರಿಗೆ ಹಾಕುತ್ತಾರೆ. ಹೀಗೆ ಸಂಖ್ಯೆ ಕುಸಿದಿರುವುದೇ ಮುಂದೆ ಬೆಲೆ ಏರಲು ಮೊದಲ ಕಾರಣವಾಗುತ್ತದೆ.

ಎರಡನೆಯದು ವಯಸ್ಸಿನ ಲೆಕ್ಕ. ಹದಿಹರೆಯದಲ್ಲಿ ಒಂದು ಗಾಡಿಯನ್ನು ದೂರದಿಂದ ನೋಡಿ ಆಸೆಪಟ್ಟು ಕೊಳ್ಳಲಾಗದೆ ಹೋದವರು ನಲವತ್ತು ಐವತ್ತರ ವಯಸ್ಸಿಗೆ ಕೈಯಲ್ಲಿ ಹಣ ಕಂಡಾಗ ಅದನ್ನೇ ಹುಡುಕುತ್ತಾರೆ. ಎಂಬತ್ತರ ದಶಕದ ವಿದ್ಯಾರ್ಥಿಗಳು ಆ ವಯಸ್ಸಿಗೆ ಬಂದ ಕಾಲದಲ್ಲಿಯೇ ಆರ್‌ಎಕ್ಸ್ 100 ಮತ್ತು ರೋಡ್‌ಕಿಂಗ್‌ಗಳ ಬೇಡಿಕೆ ಏರಿದ್ದು ಆಕಸ್ಮಿಕವಲ್ಲ.

ಮೂರನೆಯದು ದುರಸ್ತಿಯ ಸುಲಭತೆ. ಹಳೆಯ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಚಲಿಸುವ ಭಾಗಗಳು ಬಹು ಕಡಿಮೆ. ಊರಿನ ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿ, ಇಂಗಾಲ ಕೆರೆದು, ಸಿಲಿಂಡರ್ ಬೋರ್ ಮಾಡಿಸಿ ಜೋಡಿಸಬಹುದು. ಹೊಸ ವಾಹನಗಳ ವಿದ್ಯುನ್ಮಾನ ನಿಯಂತ್ರಣ ಘಟಕವು ಮೂವತ್ತು ವರ್ಷಗಳ ನಂತರ ಕೆಟ್ಟರೆ ಅದಕ್ಕೆ ಬದಲಿ ಸಿಗುವ ಭರವಸೆ ಇಲ್ಲ. ಆದುದರಿಂದ ಇಂದಿನ ವೇಗದ ಗಾಡಿಗಳು ನಾಳಿನ ಸಂಗ್ರಹ ವಸ್ತುಗಳಾಗುವವೇ ಎಂಬುದು ಸಂಗ್ರಾಹಕರಲ್ಲಿ ಚರ್ಚೆಯ ವಿಷಯ.

ಏರಿಕೆ ಎಷ್ಟು ನಿಜ?

ಬೆಲೆ ಗಗನಕ್ಕೇರಿತು ಎಂಬ ಮಾತನ್ನು ಲೆಕ್ಕ ಹಾಕಿ ನೋಡುವುದು ಅಗತ್ಯ. ರಾಜದೂತ್ 350 ವಾಹನವನ್ನು ಯಮಹಾ ಸಂಸ್ಥೆಯ ಆರ್‌ಡಿ 350 ಮಾದರಿಯಂತೆ ಎಸ್ಕಾರ್ಟ್ಸ್ ಕಂಪನಿಯು 1983ರಿಂದ ತಯಾರಿಸಿತು. ಎರಡು ಸಿಲಿಂಡರಿನ, ಸುಮಾರು 30 ಅಶ್ವಶಕ್ತಿಯ ಈ ಗಾಡಿ ಆ ಕಾಲದ ಭಾರತದ ರಸ್ತೆಗಳಲ್ಲಿ ಅತಿ ವೇಗದ್ದಾಗಿತ್ತು. ಪೆಟ್ರೋಲ್ ಹೆಚ್ಚು ಕುಡಿಯುತ್ತದೆಂದು ಜನ ದೂರವಿಟ್ಟರು. ಆಗ ಅದರ ಬೆಲೆ ಸುಮಾರು 18,000 ರೂಪಾಯಿ. ಇಂದು ಒಳ್ಳೆಯ ಸ್ಥಿತಿಯಲ್ಲಿರುವ ಗಾಡಿಗೆ ಹಲವು ಲಕ್ಷ ರೂಪಾಯಿ ಕೇಳುತ್ತಾರೆ.

ಆದರೆ 1983ರಿಂದ ನಲವತ್ತು ವರ್ಷಗಳಲ್ಲಿ ದೇಶದ ಗ್ರಾಹಕ ಬೆಲೆ ಸೂಚ್ಯಂಕವು ಸುಮಾರು 16 ಪಟ್ಟು ಏರಿದೆ. ಅಂದರೆ ಆ ದಿನದ 18,000 ರೂಪಾಯಿಯು ಇಂದಿನ 2,88,000 ರೂಪಾಯಿಗೆ ಸಮ. ಮೂರು ಲಕ್ಷಕ್ಕೆ ಮಾರಾಟವಾದ ಗಾಡಿಯು ತನ್ನ ಹಳೆಯ ಬೆಲೆಯನ್ನು ಉಳಿಸಿಕೊಂಡಿತೇ ಹೊರತು ಹೆಚ್ಚೇನೂ ಗಳಿಸಲಿಲ್ಲ. ನಡುವಿನ ವರ್ಷಗಳ ದುರಸ್ತಿ, ವಿಮೆ, ತೆರಿಗೆಗಳನ್ನು ಕಳೆದರೆ ಮಾಲೀಕನಿಗೆ ನಷ್ಟವೇ. 1983ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಸುಮಾರು 1,800 ರೂಪಾಯಿ ಇತ್ತು. ಗಾಡಿಯ ಹಣಕ್ಕೆ ನೂರು ಗ್ರಾಂ ಚಿನ್ನ ಬರುತ್ತಿತ್ತು. ಆ ಚಿನ್ನದ ಇಂದಿನ ಬೆಲೆಯೊಂದಿಗೆ ಹೋಲಿಸಿದರೆ ಹಳೆಯ ಮೋಟಾರು ಸೈಕಲ್ಲನ್ನು ಹೂಡಿಕೆ ಎಂದು ಕರೆಯುವುದು ಕಷ್ಟ. ಲಾಭ ಮಾಡಿಕೊಂಡವರು ಹೊಸದಾಗಿ ಕೊಂಡವರಲ್ಲ, ಬಾವಿಯ ತಳದಲ್ಲಿ ಕೊಂಡವರು.

ಹೊಸ ವಾಹನಗಳೊಂದಿಗೆ ಹೋಲಿಕೆ

ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆಯು ನವೆಂಬರ್ 2018ರಲ್ಲಿ ಜಾವಾ ಹೆಸರನ್ನೂ, ಜನವರಿ 2022ರಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. 2022ರ ಯೆಜ್ಡಿ ರೋಡ್‌ಸ್ಟರ್ ಗಾಡಿಯು 334 ಸಿಸಿಯ ಫೋರ್-ಸ್ಟ್ರೋಕ್ ಎಂಜಿನ್ ಹೊಂದಿದ್ದು ಸುಮಾರು 29 ಅಶ್ವಶಕ್ತಿ ಕೊಡುತ್ತದೆ. ಆರಂಭದ ಬೆಲೆ 1.98 ಲಕ್ಷ ರೂಪಾಯಿ. ಹಳೆಯ ರೋಡ್‌ಕಿಂಗ್‌ನಲ್ಲಿ ಇದ್ದುದು ಡ್ರಮ್ ಬ್ರೇಕು. ಹೊಸದರಲ್ಲಿ ಡಿಸ್ಕ್ ಬ್ರೇಕು ಹಾಗೂ ಚಕ್ರ ಜಾರದಂತೆ ತಡೆಯುವ ಎಬಿಎಸ್ ಇವೆ. ಯಾವ ಅಳತೆಯಲ್ಲಿ ನೋಡಿದರೂ ಹೊಸದೇ ಮೇಲು. ಆದರೂ ಹೊಸದನ್ನು ಎರಡು ವರ್ಷ ಓಡಿಸಿ ಮಾರಹೋದವನಿಗೆ ಕೊಟ್ಟ ಬೆಲೆ ಹಿಂದಿರುಗದು. ಯೆಜ್ಡಿ ಎಂಬ ಹೆಸರಿಗೂ ಎಷ್ಟು ಬೆಲೆಯಿದೆ ಎಂಬುದು ನ್ಯಾಯಾಲಯದಲ್ಲಿ ತಿಳಿಯಿತು: ಈ ಹೆಸರಿನ ಹಕ್ಕು ಮುಚ್ಚಿಹೋದ ಐಡಿಯಲ್ ಜಾವಾ ಕಂಪನಿಗೇ ಸೇರಿದ್ದೆಂದು ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಡಿಸೆಂಬರ್ 2022ರಲ್ಲಿ ತೀರ್ಪು ನೀಡಿತು, ವಿಷಯವು ಮೇಲ್ಮನವಿಗೆ ಹೋಯಿತು.

ಅಮೆರಿಕದ ‘ಮಸಲ್ ಕಾರು’ಗಳ ಕಥೆಯೂ ಇಂಥದೇ. 1960ರ ದಶಕದಲ್ಲಿ ಸಾಧಾರಣ ಕಾರಿಗೆ ದೊಡ್ಡ ಎಂಜಿನ್ ಕೂಡಿಸಿ ಯುವಕರಿಗೆ ಮಾರಿದ ವಾಹನಗಳಿವು. 1971ರ ಪ್ಲಿಮತ್ ಹೆಮಿ ಕುಡಾ ಮಾದರಿಯ ತೆರೆದ ಕಾರುಗಳು ತಯಾರಾದದ್ದು ಕೇವಲ 11. ಅವುಗಳಲ್ಲೊಂದು 2014ರ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಅದರ ಘೋಷಿತ ಶಕ್ತಿ 425 ಅಶ್ವಶಕ್ತಿ. 2018ರ ಡಾಡ್ಜ್ ಚಾಲೆಂಜರ್ ಡೀಮನ್ ಕಾರು 840 ಅಶ್ವಶಕ್ತಿಯದಾಗಿದ್ದರೂ ಹೊಸದಾಗಿ 84,995 ಡಾಲರಿಗೆ ಸಿಗುತ್ತಿತ್ತು. ಆದರೆ ಈ ಏರಿಕೆಯೂ ಒಂದೇ ಸಮನಾಗಿ ನಡೆದದ್ದಲ್ಲ; 2008ರ ಆರ್ಥಿಕ ಕುಸಿತದ ನಂತರ ಮಸಲ್ ಕಾರುಗಳ ಬೆಲೆ ಗಣನೀಯವಾಗಿ ಇಳಿದಿತ್ತು.

ಗ್ರಾಮೀಣ ಪ್ರದೇಶಗಳಲ್ಲಿ

ಹಳೆಯ ಗಾಡಿಗಳು ಹೆಚ್ಚಾಗಿ ಉಳಿದಿರುವುದು ನಗರಗಳಲ್ಲಲ್ಲ, ಹಳ್ಳಿಗಳ ಹಿತ್ತಿಲು ಮತ್ತು ದನದ ಕೊಟ್ಟಿಗೆಗಳಲ್ಲಿ. ವಿಜಯಪುರ ಜಿಲ್ಲೆಯ ಕೊಲ್ಹಾರ, ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಭಾಗಗಳಲ್ಲಿ ಮೋಟಾರು ಸೈಕಲ್ಲಿಗೆ ‘ಫಟಫಟಿ’ ಎಂಬ ಹೆಸರು ಬಂದದ್ದೇ ಇಂಥ ಗಾಡಿಗಳ ಸದ್ದಿನಿಂದ. ಕೃಷ್ಣಾ ತೀರದ ಕೊಲ್ಹಾರವು ಮೊಸರಿಗೆ ಹೆಸರಾದ ಊರು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಹಳೆಯ ಊರು ಮುಳುಗಡೆಯಾಗಿ ಜನ ಹೊಸ ಊರಿಗೆ ಸ್ಥಳಾಂತರಗೊಂಡರು. ಮನೆ ಬದಲಿಸುವ ಅಂಥ ಸಂದರ್ಭಗಳಲ್ಲಿ ಓಡದ ಗಾಡಿ ಮೊದಲು ಗುಜರಿಯವನ ಪಾಲಾಗುವುದು ಎಲ್ಲೆಡೆಯೂ ಕಂಡದ್ದೇ.

ಇಂದು ನಗರದ ದಲ್ಲಾಳಿಗಳು ಹಳ್ಳಿಗಳಲ್ಲಿ ತಿರುಗಿ ಇಂಥ ಗಾಡಿಗಳನ್ನು ಕೆಲವೇ ಸಾವಿರಕ್ಕೆ ಕೊಳ್ಳುತ್ತಾರೆ. ಬಣ್ಣ, ನಿಕ್ಕಲ್ ಲೇಪ, ಹೊಸ ಸೀಟು ಸೇರಿಸಿ ಅದನ್ನೇ ಹಲವು ಪಟ್ಟು ಬೆಲೆಗೆ ಮಾರುತ್ತಾರೆ. ತಂದೆಯ ಗಾಡಿಯ ಬೆಲೆ ತಿಳಿಯದೆ ಕೊಟ್ಟವರಿಗೆ ಈ ವ್ಯತ್ಯಾಸದ ಒಂದಂಶವೂ ಸಿಗುವುದಿಲ್ಲ. ಸಂಗ್ರಹ ಬೆಲೆಯ ಬಗ್ಗೆ ಬರೆಯುವವರು ಹರಾಜಿನ ದಾಖಲೆಗಳನ್ನು ಎಣಿಸುವಷ್ಟು ಆಸಕ್ತಿಯಿಂದ ಈ ಸಂಗತಿಯನ್ನು ಗಮನಿಸಿದ್ದು ಕಡಿಮೆ.

ಕಾನೂನು ಮತ್ತು ದಾಖಲೆಗಳು

ಭಾರತದಲ್ಲಿ ಖಾಸಗಿ ವಾಹನದ ನೋಂದಣಿಯು 15 ವರ್ಷ ಊರ್ಜಿತವಾಗಿರುತ್ತದೆ. ಆನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಮೋಟಾರು ಸೈಕಲ್ಲಿನ ನವೀಕರಣ ಶುಲ್ಕವು ಏಪ್ರಿಲ್ 1, 2022ರಿಂದ 300 ರೂಪಾಯಿಯಿಂದ 1,000 ರೂಪಾಯಿಗೆ ಏರಿತು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನಿಯಮ ರೂಪಿಸಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪ ಬದಲಾಗದ ವಾಹನಗಳು ಇದರಡಿ ಬರುತ್ತವೆ. ಇವುಗಳ ಸಂಖ್ಯಾಫಲಕದಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಪ್ರದರ್ಶನ, ಸಂಶೋಧನೆ, ರ್‍ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇವುಗಳಿಗಲ್ಲದೆ ದಿನಬಳಕೆಗೆ ಇವನ್ನು ರಸ್ತೆಗಿಳಿಸುವಂತಿಲ್ಲ. 1960ರ ದಶಕದ ಮೈಸೂರು ಜಾವಾಗಳಿಗೆ ಈ ಸೌಲಭ್ಯ ದೊರೆಯುತ್ತದೆ. 1978ರ ಮೊದಲ ರೋಡ್‌ಕಿಂಗ್‌ಗಳು ಇದಕ್ಕಾಗಿ 2028ರವರೆಗೂ, ಆರ್‌ಎಕ್ಸ್ 100 ಗಾಡಿಗಳು 2035ರವರೆಗೂ ಕಾಯಬೇಕು.

ಸಂಗ್ರಹ ಬೆಲೆಯನ್ನು ಅಂತಿಮವಾಗಿ ನಿರ್ಧರಿಸುವುದು ಹೊಳಪಲ್ಲ, ದಾಖಲೆ. ಎಂಜಿನ್ ಮತ್ತು ಚಾಸಿಯ ಮೇಲೆ ಕೆತ್ತಿದ ಸಂಖ್ಯೆಗಳು ನೋಂದಣಿ ಪುಸ್ತಕದೊಂದಿಗೆ ಹೊಂದಬೇಕು. ಹಲವು ಗಾಡಿಗಳ ಎಂಜಿನ್ ಎಂದೋ ಬದಲಾಗಿರುತ್ತದೆ. ಕೆಲವೆಡೆ ಸಂಖ್ಯೆಯನ್ನು ಉಜ್ಜಿ ಹೊಸದಾಗಿ ಕೆತ್ತಿರುವುದೂ ಉಂಟು, ಇದು ಅಪರಾಧ. ಹಳೆಯ ಎಂವೈ ಅಥವಾ ಸಿಎ ಸರಣಿಯ ಮೂಲ ಸಂಖ್ಯೆ, ಮೊದಲ ಮಾಲೀಕನ ಹೆಸರಿನ ಪುಸ್ತಕ ಹಾಗೂ ಖರೀದಿಯ ರಸೀದಿ ಇರುವ ಗಾಡಿಗೆ ಅದೇ ಮಾದರಿಯ ದಾಖಲೆಯಿಲ್ಲದ ಗಾಡಿಗಿಂತ ಹೆಚ್ಚಿನ ಬೆಲೆ ಬರುತ್ತದೆ. ನವೀಕರಣ ತಪ್ಪಿ ನೋಂದಣಿ ಕಳೆದುಕೊಂಡ ಗಾಡಿಯನ್ನು ಬಿಡಿಭಾಗಗಳಿಗಾಗಿ ಮಾತ್ರ ಕೊಳ್ಳುವವರೇ ಹೆಚ್ಚು.